ಮನೆಯ ಇಂಟರ್ನೆಟ್ ಬಿಲ್ ಕಟ್ಟುವ ದಾರಿಗಳು: ಹಲವು ವರ್ಷಗಳ ಬಳಕೆಯ ನಂತರದ ವಿಮರ್ಶೆ

ಇಂಟರ್ನೆಟ್ ಸಂಪರ್ಕದ ವೇಗ, ದರ, ರೂಟರಿನ ಗುಣಮಟ್ಟ ಇವುಗಳ ಬಗ್ಗೆ ವಿಮರ್ಶೆಗಳು ಬೇಕಾದಷ್ಟು ಸಿಗುತ್ತವೆ. ತಿಂಗಳು ತಿಂಗಳೂ ಬರುವ ಬಿಲ್ಲನ್ನು ಯಾವ ದಾರಿಯಲ್ಲಿ ಕಟ್ಟಿದರೆ ತಲೆನೋವು ಕಡಿಮೆ ಎಂದು ಬರೆದವರು ಮಾತ್ರ ವಿರಳ. ಮೈಸೂರಿನ ನಮ್ಮ ಮನೆಯಲ್ಲಿ ಪೋಸ್ಟ್‌ಪೇಯ್ಡ್ ಫೈಬರ್ ಸಂಪರ್ಕವಿದೆ; ತೀರ್ಥಹಳ್ಳಿಯ ಕಡೆ ಅಪ್ಪ ಅಮ್ಮ ಇರುವ ಊರಿನ ಮನೆಯಲ್ಲಿ ಸ್ಥಳೀಯ ಕೇಬಲ್‌ನವರ ಮೂಲಕ ಪಡೆದ ಪ್ರೀಪೇಯ್ಡ್ ಸಂಪರ್ಕವಿದೆ. ಎರಡರ ಹಣಕ್ಕೂ ನಾನೇ ಹೊಣೆಯಾಗಿರುವುದರಿಂದ, ಚಾಲ್ತಿಯಲ್ಲಿರುವ ಹೆಚ್ಚುಕಡಿಮೆ ಎಲ್ಲ ಪಾವತಿ ವಿಧಾನಗಳನ್ನೂ ಬಳಸಿದ್ದೇನೆ. ಅವುಗಳನ್ನು ತೂಗುವಾಗ ನಾನು ನೋಡುವುದು ಮುಖ್ಯವಾಗಿ ಎರಡನ್ನು: ನನ್ನ ಖಾತೆಯಿಂದ ಹಣ ಹೋದ ಮೇಲೆ ಅದು ಕಂಪನಿಯ ಲೆಕ್ಕಕ್ಕೆ ಜಮೆಯಾಗಲು ಎಷ್ಟು ಹೊತ್ತು ಬೇಕು, ಮತ್ತು ನಡುವೆ ತಕರಾರು ಎದ್ದರೆ ನನ್ನ ಕೈಯಲ್ಲಿ ಉಳಿಯುವ ದಾಖಲೆ ಯಾವುದು. ಎಷ್ಟು ಬೇಗ ಕಟ್ಟಿ ಮುಗಿಯಿತು ಎಂಬುದು ಆಮೇಲಿನ ಮಾತು.

2005ರಲ್ಲಿ ಬಿಎಸ್‌ಎನ್‌ಎಲ್ 'ಡೇಟಾ ಒನ್' ಹೆಸರಿನಲ್ಲಿ ಬ್ರಾಡ್‌ಬ್ಯಾಂಡ್ ಸೇವೆ ಆರಂಭಿಸಿದ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ದೂರವಾಣಿ ಬಿಲ್ಲಿನ ಜೊತೆಗೇ ಬ್ರಾಡ್‌ಬ್ಯಾಂಡ್ ಶುಲ್ಕವೂ ಅಂಚೆಯಲ್ಲಿ ಬರುತ್ತಿತ್ತು, ಅದನ್ನು ಹಿಡಿದುಕೊಂಡು ಕೌಂಟರಿನ ಮುಂದೆ ಸಾಲಿನಲ್ಲಿ ನಿಂತರೆ ಸೀಲು ಬಿದ್ದ ರಸೀದಿ ಕೈಗೆ ಸಿಗುತ್ತಿತ್ತು. (ಆಗಿನ ಕೆಲವು ಪ್ಲಾನುಗಳಲ್ಲಿ ನಡುರಾತ್ರಿ ಎರಡರಿಂದ ಬೆಳಿಗ್ಗೆ ಎಂಟರವರೆಗಿನ ಡೌನ್‌ಲೋಡ್ ಲೆಕ್ಕಕ್ಕೆ ಸೇರುತ್ತಿರಲಿಲ್ಲವಾದ್ದರಿಂದ, ಅಲಾರಂ ಇಟ್ಟು ಏಳುತ್ತಿದ್ದವರು ನನ್ನ ಪೀಳಿಗೆಯಲ್ಲಿ ಅನೇಕರಿದ್ದಾರೆ.) ಅದೇ ವರ್ಷ ಶುರುವಾದ ಬೆಂಗಳೂರು ಒನ್ ಕೇಂದ್ರಗಳು ವಿದ್ಯುತ್, ನೀರು, ದೂರವಾಣಿ ಬಿಲ್ಲುಗಳನ್ನು ಒಂದೇ ಸೂರಿನಡಿ ತಂದವು, ಅದೇ ಮಾದರಿ ಕರ್ನಾಟಕ ಒನ್ ಎಂಬ ಹೆಸರಿನಲ್ಲಿ ಇತರ ನಗರಗಳಿಗೂ ಹಬ್ಬಿತು. ಸ್ಮಾರ್ಟ್‌ಫೋನ್ ಒಗ್ಗದ ಹಿರಿಯರಿಗೆ ಕೌಂಟರು ಇಂದಿಗೂ ಉತ್ತಮ ದಾರಿ, ಆದರೆ ಖಾಸಗಿ ಫೈಬರ್ ಕಂಪನಿಗಳಲ್ಲಿ ಹಲವಕ್ಕೆ ಹಣ ಪಡೆಯುವ ಕೌಂಟರೇ ಇಲ್ಲ.

ಮೈಸೂರಿನ ಬಿಲ್ಲಿಗೆ ನಾನು ಹೆಚ್ಚು ಕಾಲ ನೆಚ್ಚಿಕೊಂಡಿರುವುದು ಭಾರತ್ ಬಿಲ್‌ಪೇ ವ್ಯವಸ್ಥೆಯನ್ನು. ರಿಸರ್ವ್ ಬ್ಯಾಂಕಿನ ಚೌಕಟ್ಟಿನಲ್ಲಿ ರಾಷ್ಟ್ರೀಯ ಪಾವತಿ ನಿಗಮ ಕಟ್ಟಿದ ಈ ವ್ಯವಸ್ಥೆ 2016ರಲ್ಲಿ ಪ್ರಾಯೋಗಿಕವಾಗಿ ಶುರುವಾಯಿತು. 2024ರಿಂದ ಇದರ ಹೆಸರು ಭಾರತ್ ಕನೆಕ್ಟ್. ಫೋನ್‌ಪೇ, ಗೂಗಲ್ ಪೇ, ಪೇಟಿಎಂ, ಬ್ಯಾಂಕಿನ ಸ್ವಂತ ಆ್ಯಪ್ ಇವುಗಳಲ್ಲಿ ಯಾವುದನ್ನು ತೆರೆದರೂ ಬ್ರಾಡ್‌ಬ್ಯಾಂಡ್ ವಿಭಾಗದ ಹಿಂದೆ ಕೆಲಸ ಮಾಡುವುದು ಸಾಮಾನ್ಯವಾಗಿ ಇದೇ ಜಾಲ, ಆದ್ದರಿಂದ ಬಿಲ್ ಕಟ್ಟುವ ಮಟ್ಟಿಗೆ ಯಾವ ಆ್ಯಪ್ ಉತ್ತಮ ಎಂಬ ಚರ್ಚೆಯಲ್ಲಿ ನನಗೆ ಹುರುಳು ಕಾಣುವುದಿಲ್ಲ. ಗ್ರಾಹಕ ಸಂಖ್ಯೆ ಹಾಕಿದೊಡನೆ ಕಂಪನಿಯ ದಾಖಲೆಯಿಂದಲೇ ಬಿಲ್ಲಿನ ಮೊತ್ತ, ಕಡೆಯ ದಿನಾಂಕ ಮತ್ತು ಸಾಮಾನ್ಯವಾಗಿ ಗ್ರಾಹಕರ ಹೆಸರು ಪರದೆಗೆ ಬರುತ್ತವೆ. ಮೊತ್ತವನ್ನು ನಾವು ಟೈಪ್ ಮಾಡುವುದಿಲ್ಲ. ಒಂದು ಅಂಕಿ ತಪ್ಪಿ ಇನ್ನಾರದೋ ಬಿಲ್ ಕಟ್ಟುವ ಭಯವೂ ಹೆಸರು ಕಂಡಾಗ ಹೋಗುತ್ತದೆ.

ನನ್ನ ಮಟ್ಟಿಗೆ ಇದರ ನಿಜವಾದ ಬೆಲೆ ಗೊತ್ತಾದದ್ದು ಒಂದು ತಕರಾರಿನಲ್ಲಿ. ಕಡೆಯ ದಿನಾಂಕಕ್ಕೆ ಮುಂಚೆಯೇ ಹಣ ಕಡಿತವಾಗಿದ್ದರೂ ಕಂಪನಿಯಿಂದ 'ಬಾಕಿ ಇದೆ' ಎಂಬ ಸಂದೇಶಗಳು ನಿಲ್ಲಲಿಲ್ಲ, ಕೊನೆಗೆ ಸಂಪರ್ಕವೂ ಕಡಿದುಹೋಯಿತು. ಗ್ರಾಹಕ ಸೇವೆಗೆ ಕರೆ ಮಾಡಿದಾಗ ಅವರು ಮೊದಲು ಕೇಳಿದ್ದು ಯುಪಿಐ ಉಲ್ಲೇಖ ಸಂಖ್ಯೆಯನ್ನು. ಬ್ಯಾಂಕಿನ ಸಂದೇಶದಲ್ಲಿ ಬರುವ ಆ 12 ಅಂಕಿಗಳು ಹಣ ನನ್ನ ಖಾತೆ ಬಿಟ್ಟದ್ದಕ್ಕೆ ಸಾಕ್ಷಿಯೇ ಹೊರತು ಯಾವ ಬಿಲ್ಲಿಗೆ ಸೇರಿತು ಎಂಬುದಕ್ಕೆ ಅಲ್ಲ. ಅದಕ್ಕೆ ಬೇಕಾದದ್ದು ರಸೀದಿಯಲ್ಲಿ ಬೇರೆಯಾಗಿ ಅಚ್ಚಾಗಿರುವ, ಅಕ್ಷರ ಮತ್ತು ಅಂಕಿಗಳು ಬೆರೆತ ಉದ್ದನೆಯ ಬಿಲ್‌ಪೇ ವಹಿವಾಟು ಸಂಖ್ಯೆ. ಅದನ್ನು ಓದಿ ಹೇಳಿದ ಮೇಲೆಯೇ ಆಚೆ ಬದಿಯ ಧ್ವನಿ ಬದಲಾಯಿತು, ಸಂಜೆಯೊಳಗೆ ಜಮೆ ತೋರಿಸಿತು. ಅಂದಿನಿಂದ ರಸೀದಿಯ ಸ್ಕ್ರೀನ್‌ಶಾಟ್ ತೆಗೆದಿಡುವಾಗ ಎರಡೂ ಸಂಖ್ಯೆಗಳು ಕಾಣುತ್ತಿವೆಯೇ ಎಂದು ನೋಡುತ್ತೇನೆ. ಪಾವತಿ ಮಾಡಿದ ಆ್ಯಪಿನಲ್ಲೇ ಆ ವಹಿವಾಟಿನ ಮೇಲೆ ದೂರು ದಾಖಲಿಸುವ ಸೌಲಭ್ಯವೂ ಇದೆ, ಕಂಪನಿ ಫೋನ್ ಎತ್ತದಿದ್ದರೆ ಅದೇ ದಾರಿ.

ಹಣ ಖಾತೆಯಿಂದ ಕಡಿತವಾಗಿ, ವ್ಯಾಪಾರಿಗೆ ದೃಢೀಕರಣ ತಲುಪದೆ ನಡುವೆ ಸಿಕ್ಕಿಕೊಂಡ ಸಂದರ್ಭ ಬೇರೆ. 2019ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯ ಪ್ರಕಾರ, ವ್ಯಾಪಾರಿಗೆ ಮಾಡಿದ ಯುಪಿಐ ಪಾವತಿ ಹೀಗೆ ವಿಫಲವಾದರೆ, ವಹಿವಾಟಿನ ನಂತರದ 5 ದಿನಗಳೊಳಗೆ ಹಣ ತಾನಾಗಿ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ನಿಯಮ ಒಳ್ಳೆಯದೇ, ಆದರೆ ಪ್ರೀಪೇಯ್ಡ್ ಗ್ರಾಹಕನಿಗೆ ಆ 5 ದಿನ ಮನೆಯಲ್ಲಿ ಇಂಟರ್ನೆಟ್ ಇರುವುದಿಲ್ಲ, ಇಲ್ಲವೇ ಅವನು ಎರಡನೇ ಬಾರಿ ಹಣ ಕಟ್ಟಬೇಕು. ಪ್ಲಾನ್ ಮುಗಿಯುವ ರಾತ್ರಿ ಕಟ್ಟುವ ಬದಲು ಮೂರು ನಾಲ್ಕು ದಿನ ಮುಂಚೆ ಕಟ್ಟುವುದು ಕ್ಷೇಮ ಎನ್ನುವುದು ಇದಕ್ಕೇ. ಉಳಿದ ದಿನಗಳು ಹೊಸ ಅವಧಿಗೆ ಸೇರುತ್ತವೆಯೇ ಎಂಬುದನ್ನು ಮಾತ್ರ ಮೊದಲೇ ಕೇಳಿಕೊಳ್ಳಬೇಕು, ಏಕೆಂದರೆ ಎಲ್ಲ ಕಂಪನಿಗಳ ಪದ್ಧತಿ ಒಂದೇ ತರಹ ಇಲ್ಲ.

ಕಂಪನಿಯ ಸ್ವಂತ ಆ್ಯಪಿನಲ್ಲಿ ಕಟ್ಟಿದರೆ ಜಮೆ ತಕ್ಷಣವಾಗುತ್ತದೆ, ಜಿಎಸ್‌ಟಿ ಸಂಖ್ಯೆ ಇರುವ ಸರಿಯಾದ ಇನ್ವಾಯ್ಸ್ ಸಿಗುತ್ತದೆ. ಮನೆಯಿಂದ ಕೆಲಸ ಮಾಡಿ ಕಚೇರಿಯಿಂದ ಇಂಟರ್ನೆಟ್ ವೆಚ್ಚ ವಾಪಸ್ ಪಡೆಯುವವರಿಗೆ ಪಾವತಿ ಆ್ಯಪಿನ ರಸೀದಿ ಸಾಲದೆ ಹೋಗುವುದುಂಟು, ಈ ಇನ್ವಾಯ್ಸ್ ಬೇಕಾಗುತ್ತದೆ. ಆದರೆ ಪ್ರತಿ ಪುಟದಲ್ಲೂ ದೊಡ್ಡ ಪ್ಲಾನಿಗೆ ಬದಲಾಯಿಸಿ, ಒಟಿಟಿ ಸೇರಿಸಿಕೊಳ್ಳಿ ಎಂಬ ಒತ್ತಾಯವನ್ನು ದಾಟಿ ಹೋಗಬೇಕು. ಅಪ್ಪನ ಕೈಗೆ ಆ ಆ್ಯಪ್ ಕೊಡಲು ನನಗೆ ಧೈರ್ಯವಿಲ್ಲ.

ಪ್ರತಿ ತಿಂಗಳೂ ಹಣ ತಾನಾಗಿ ಕಡಿತವಾಗುವ ಆಟೋಪೇ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕು, ಏಕೆಂದರೆ ಹೆಚ್ಚು ಹೊಗಳಿಕೆಯೂ ಹೆಚ್ಚು ಶಾಪವೂ ಅದಕ್ಕೇ ಸಲ್ಲುತ್ತವೆ. ಯುಪಿಐ ಆಟೋಪೇ 2020ರ ಜುಲೈನಲ್ಲಿ ಬಂದಿತು. ಕಾರ್ಡ್ ಮೂಲಕ ತಾನಾಗಿ ಕಡಿತವಾಗುವ ಪಾವತಿಗಳಿಗೆ ರಿಸರ್ವ್ ಬ್ಯಾಂಕಿನ ಹೊಸ ನಿಯಮಗಳು 2021ರ ಅಕ್ಟೋಬರ್ 1ರಿಂದ ಜಾರಿಯಾದವು, ಆ ತಿಂಗಳು ಅನೇಕರ ಹಳೆಯ ಸೂಚನೆಗಳು ಇದ್ದಕ್ಕಿದ್ದಂತೆ ನಿಂತುಹೋಗಿದ್ದವು. ಈಗಿನ ನಿಯಮದಲ್ಲಿ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಸೂಚನೆ ಬರಬೇಕು. 15,000 ರೂಪಾಯಿವರೆಗಿನ ಬಿಲ್ಲಿಗೆ ಪ್ರತಿ ಸಲ ಪಿನ್ ಅಥವಾ ಒಟಿಪಿ ಬೇಕಿಲ್ಲ. ಮನೆಯ ಇಂಟರ್ನೆಟ್ ಬಿಲ್ ಅದರ ಹತ್ತಿರಕ್ಕೂ ಬರುವುದಿಲ್ಲವಾದ್ದರಿಂದ, ಒಮ್ಮೆ ಒಪ್ಪಿಗೆ ಕೊಟ್ಟರೆ ಮುಂದಿನದೆಲ್ಲ ನಮ್ಮನ್ನು ಕೇಳದೆಯೇ ನಡೆಯುತ್ತದೆ.

ಎಚ್ಚರ ಬೇಕಾದದ್ದು ಆ ಒಪ್ಪಿಗೆಯ ಪುಟದಲ್ಲಿ. ಜಾಹೀರಾತಿನಲ್ಲಿ 499 ಎಂದಿರುವ ಪ್ಲಾನಿಗೆ ಶೇ 18 ಜಿಎಸ್‌ಟಿ ಸೇರಿ ನಾವು ಕಟ್ಟುವುದು 588 ರೂಪಾಯಿ 82 ಪೈಸೆ. ಆದರೆ ಗರಿಷ್ಠ ಕಡಿತದ ಮಿತಿ ಎಂಬಲ್ಲಿ ಕೆಲವು ಕಂಪನಿಗಳು ಬಿಲ್ಲಿನ ಹಲವು ಪಟ್ಟು ಮೊತ್ತವನ್ನು ಮೊದಲೇ ತುಂಬಿ ಇಟ್ಟಿರುತ್ತವೆ. ಅಲ್ಲಿ ಅಷ್ಟು ಹಣ ಕಡಿತವಾಗಿಯೇ ಆಗುತ್ತದೆ ಎಂದಲ್ಲ. ದರ ಏರಿದರೂ, ಕೇಳದ ಸೇವೆಯೊಂದು ಬಿಲ್ಲಿಗೆ ಸೇರಿದರೂ ನಮ್ಮನ್ನು ಇನ್ನೊಮ್ಮೆ ಕೇಳುವ ಅಗತ್ಯ ಅವರಿಗಿರುವುದಿಲ್ಲ ಎಂದರ್ಥ. ಮಿತಿಯನ್ನು ಬದಲಾಯಿಸಲು ಅವಕಾಶವಿದ್ದಲ್ಲಿ ತೆರಿಗೆ ಸೇರಿದ ಬಿಲ್ಲಿಗಿಂತ ತುಸು ಹೆಚ್ಚಿಗೆ ನಿಲ್ಲಿಸಬೇಕು, ಅವಕಾಶವಿಲ್ಲದಲ್ಲಿ ನಾನು ಒಪ್ಪಿಗೆ ಕೊಡುವುದಿಲ್ಲ. ಒಪ್ಪಿಗೆ ಕೊಟ್ಟವರು ತಮ್ಮ ಯುಪಿಐ ಆ್ಯಪಿನ ಆಟೋಪೇ ಅಥವಾ ಮ್ಯಾಂಡೇಟ್ ವಿಭಾಗವನ್ನು ಆಗಾಗ ತೆರೆದು ನೋಡುವುದು ಲೇಸು. ಮರೆತೇಹೋಗಿದ್ದ ಹಳೆಯ ಒಪ್ಪಿಗೆಗಳು ಅಲ್ಲಿ ಸಾಲಾಗಿ ಕುಳಿತಿರುತ್ತವೆ. ಬ್ಯಾಂಕ್ ಖಾತೆಯ ಮೇಲೆ ನೇರವಾಗಿ ಸಹಿ ಮಾಡಿಕೊಡುವ ನ್ಯಾಚ್ ಪದ್ಧತಿಯನ್ನು ಇಷ್ಟು ಸಣ್ಣ ಬಿಲ್ಲಿಗೆ ನಾನು ಶಿಫಾರಸು ಮಾಡುವುದಿಲ್ಲ, ಖಾತೆಯಲ್ಲಿ ಹಣ ಸಾಲದೆ ಅದು ಮರಳಿದರೆ ಬ್ಯಾಂಕುಗಳು ವಿಧಿಸುವ ದಂಡ ಕೆಲವೊಮ್ಮೆ ಬಿಲ್ಲಿನಷ್ಟೇ ಆಗುತ್ತದೆ.

ಊರಿನ ಸಂಪರ್ಕದ ಕಥೆ ಪೂರ್ತಿ ಬೇರೆ. ಅಲ್ಲಿ ಫೈಬರ್ ತಂತಿ ಕರೆಂಟ್ ಕಂಬದಿಂದ ಕಂಬಕ್ಕೆ, ಕೆಲವೆಡೆ ಮರದಿಂದ ಮರಕ್ಕೆ ಎಳೆದುಕೊಂಡು ಬಂದಿದೆ. ಮಳೆಗಾಲದಲ್ಲಿ ಕೊಂಬೆ ಬಿದ್ದು ತಂತಿ ತುಂಡಾದರೆ, ತುದಿಗಳನ್ನು ಬೆಸೆಯುವ ಸ್ಪ್ಲೈಸಿಂಗ್ ಯಂತ್ರವನ್ನು ಬೈಕಿಗೆ ಕಟ್ಟಿಕೊಂಡು ಬರುವವನೂ, ತಿಂಗಳ ಮೊದಲ ವಾರ ದುಡ್ಡಿಗೆ ಬರುವವನೂ ಒಬ್ಬನೇ ಹುಡುಗ. ಅಪ್ಪ ಅವನಿಗೆ ನಗದು ಕೊಟ್ಟು, ಗೋಡೆಯ ಕ್ಯಾಲೆಂಡರಿನಲ್ಲಿ 'ನೆಟ್ಟು' ಎಂದು ಗುರುತು ಹಾಕುತ್ತಾರೆ. ಆನ್‌ಲೈನಿನಲ್ಲಿ ಕಟ್ಟಿಬಿಡುತ್ತೇನೆ ಎಂದು ನಾನು ಎಷ್ಟು ಸಲ ಹೇಳಿದರೂ ಅವರದು ಒಂದೇ ಉತ್ತರ: "ದುಡ್ಡು ಎಲ್ಲಿಂದಾದ್ರೂ ಕಟ್ಬೋದು ಮಾರಾಯ, ತಂತಿ ಕಿತ್ತೋದ್ರೆ ಬರೋನು ಅವನೇ ಅಲ್ವಾ." ಈ ಮಾತಿಗೆ ನನ್ನಲ್ಲಿ ಎದುರುತ್ತರವಿಲ್ಲ.

ಆದರೂ ಈ ವ್ಯವಸ್ಥೆಯ ಒಳಗುಟ್ಟನ್ನು ತಿಳಿದಿರಬೇಕು. ಕೇಬಲ್‌ನವರು ಕಂಪನಿಯ ಪೋರ್ಟಲಿನಲ್ಲಿ ಮುಂಗಡವಾಗಿ ಹಣ ತುಂಬಿಟ್ಟುಕೊಂಡು, ಅದರಿಂದ ಒಂದೊಂದೇ ಗ್ರಾಹಕರ ಖಾತೆಯನ್ನು ನವೀಕರಿಸುತ್ತಾರೆ. ಅಂದರೆ ನಾವು ಅವರಿಗೆ ನಗದು ಕೊಟ್ಟಾಗ, ಅಥವಾ ಅವರ ಸ್ವಂತ ಕ್ಯೂಆರ್ ಕೋಡಿಗೆ ಹಣ ಹಾಕಿದಾಗ, ಕಂಪನಿಗೆ ಇನ್ನೂ ಏನೂ ಸೇರಿರುವುದಿಲ್ಲ. ಬ್ಯಾಂಕಿನ ದಾಖಲೆಯಲ್ಲಿ ಕಾಣುವುದು ಒಬ್ಬ ವ್ಯಕ್ತಿಗೆ ಕಳುಹಿಸಿದ ಹಣ ಮಾತ್ರ. ನಾಳೆ ತಕರಾರಾದರೆ ಕಂಪನಿ ಅದನ್ನು ಬಿಲ್ ಪಾವತಿ ಎಂದು ಒಪ್ಪಬೇಕಾಗಿಲ್ಲ. ನವೀಕರಣವಾದಾಗ ಕಂಪನಿಯಿಂದ ಬರುವ ಸಂದೇಶವೇ ಇಲ್ಲಿ ರಸೀದಿ. ಸಂಪರ್ಕ ಕೊಡುವಾಗ ಕೇಬಲ್‌ನವರು ತಮ್ಮದೇ ಮೊಬೈಲ್ ಸಂಖ್ಯೆಯನ್ನು ನೋಂದಾಯಿಸಿಬಿಡುವುದು ಅಪರೂಪವಲ್ಲ, ಹಾಗಾಗಿ ಆ ಸಂದೇಶ ಯಾರ ಫೋನಿಗೆ ಹೋಗುತ್ತಿದೆ ಎಂದು ಮೊದಲು ವಿಚಾರಿಸಬೇಕು. ಊರಿನ ಖಾತೆಗೆ ನನ್ನ ಸಂಖ್ಯೆ ಹಾಕಿಸಿದ ಮೇಲೆ ಅಪ್ಪನ ಪದ್ಧತಿಯೂ ಉಳಿಯಿತು, ನನಗೆ ದಾಖಲೆಯೂ ಸಿಕ್ಕಿತು.

ಹೊರದೇಶದಲ್ಲಿದ್ದು ಊರಿನ ಬಿಲ್ ಕಟ್ಟುವವರಿಗೆ ಈಗ ದಾರಿ ಸುಲಭ. ಕತಾರ್, ಯುಎಇ, ಅಮೆರಿಕ, ಸಿಂಗಾಪುರ ಸೇರಿ 10 ದೇಶಗಳ ಮೊಬೈಲ್ ಸಂಖ್ಯೆಗಳನ್ನು ಅನಿವಾಸಿ ಭಾರತೀಯರ ಎನ್‌ಆರ್‌ಇ ಅಥವಾ ಎನ್‌ಆರ್‌ಒ ಬ್ಯಾಂಕ್ ಖಾತೆಗೆ ಜೋಡಿಸಿ ಯುಪಿಐ ಬಳಸಲು 2023ರಲ್ಲಿ ಅನುಮತಿ ಸಿಕ್ಕಿತು. ದೋಹಾದಲ್ಲಿರುವ ತಮ್ಮ ಆಗೊಮ್ಮೆ ಈಗೊಮ್ಮೆ ಮೈಸೂರಿನ ಬಿಲ್ಲನ್ನು ಹಾಗೆ ಕಟ್ಟುತ್ತಾನೆ, ಇದುವರೆಗೆ ತೊಂದರೆ ಬಂದಿಲ್ಲ.

ಯಾವ ವಿಧಾನವಾದರೂ ಸರಿ, 'ಇಂದು ರಾತ್ರಿ ಸಂಪರ್ಕ ಕಡಿತವಾಗುತ್ತದೆ, ಈ ಸಂಖ್ಯೆಗೆ ಕರೆ ಮಾಡಿ' ಎಂಬ ಸಂದೇಶಕ್ಕೆ ಉತ್ತರಿಸಿ, ಅಥವಾ ಹುಡುಕಾಟದಲ್ಲಿ ಸಿಕ್ಕ ಗ್ರಾಹಕ ಸೇವಾ ಸಂಖ್ಯೆಗೆ ಕರೆ ಮಾಡಿ ಹಣ ಕಟ್ಟಬಾರದು. ವಾಟ್ಸ್ಆ್ಯಪಿನಲ್ಲಿ ಬರುವ, ಫೋನಿಗೆ ಆ್ಯಪ್ ಅಳವಡಿಸುವ ಎಪಿಕೆ ಕಡತವನ್ನಂತೂ ತೆರೆಯಲೇಬಾರದು. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಯಾವ ಆ್ಯಪೂ ನೆರವಾಗದ ಘಟ್ಟವೆಂದರೆ ಮನೆ ಬದಲಾಯಿಸಿ ಸಂಪರ್ಕ ಮುಚ್ಚಿಸುವುದು. ಆಟೋಪೇ ಒಪ್ಪಿಗೆ ಅದರಷ್ಟಕ್ಕೆ ರದ್ದಾಗುತ್ತದೆ ಎಂದು ನಂಬಿ ಕೂರುವಂತಿಲ್ಲ, ಯುಪಿಐ ಆ್ಯಪಿನಲ್ಲಿ ನಾವೇ ರದ್ದು ಮಾಡಬೇಕು. ಮೋಡೆಮ್ ಹಿಂತಿರುಗಿಸಿದ್ದಕ್ಕೆ ಲಿಖಿತ ಸ್ವೀಕೃತಿ ಪಡೆಯಬೇಕು, ಅಂತಿಮ ಬಿಲ್ಲಿನಲ್ಲಿ ಠೇವಣಿ ಕಳೆದಿದ್ದಾರೆಯೇ ಎಂದು ನೋಡಬೇಕು, ದೂರಿಗೆ ಕೊಡುವ ಡಾಕೆಟ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2012ರ ನಿಯಮಗಳ ಪ್ರಕಾರ ದೂರು ಕೇಂದ್ರದಲ್ಲಿ ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಅದಕ್ಕೂ ಈ ಡಾಕೆಟ್ ಸಂಖ್ಯೆಯೇ ಆಧಾರ. ಪಾವತಿ ಪಡೆಯುವಾಗ ಕ್ಷಣಮಾತ್ರದಲ್ಲಿ ಕೆಲಸ ಮುಗಿಸುವ ಕಂಪನಿಗಳು ಠೇವಣಿ ಹಿಂತಿರುಗಿಸುವಾಗ ಖಾತೆಯ ವಿವರ, ರದ್ದು ಮಾಡಿದ ಚೆಕ್ಕು, ವಾರಗಳ ಕಾಲಾವಕಾಶ ಎಲ್ಲವನ್ನೂ ಕೇಳುತ್ತವೆ. ನಮ್ಮ ಹಳೆಯ ಬಾಡಿಗೆ ಮನೆಯ ಸಂಪರ್ಕದ ಠೇವಣಿ ಬಂದದ್ದು ಮೇಲ್ಮನವಿ ಸಲ್ಲಿಸಿದ ಮೇಲೆಯೇ.