ಟೆಲಿಗ್ರಾಂ ಗುಂಪಿಗೆ ಕಾವಲು ಬಾಟ್: ನಾಲ್ಕು ವರ್ಷ ಬಳಸಿದ ಮೇಲೆ

ನಮ್ಮದು ಕೊಡಗಿನ ಕಾಫಿ ಬೆಳೆಗಾರರ ಗುಂಪು. ಬೆಳಿಗ್ಗೆ ಚೆರ್ರಿ (ಹಣ್ಣಾಗಿಯೇ ಒಣಗಿಸಿದ ಕಾಫಿ), ಪಾರ್ಚ್‌ಮೆಂಟ್ (ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಕಾಫಿ), ಕಾಳುಮೆಣಸಿನ ದರ. ಮಳೆ ಬಿದ್ದರೆ ಎಲ್ಲಿ ಎಷ್ಟು ಇಂಚು, ಎಷ್ಟು ಸೆಂಟ್ಸ್ (ಇಂಚಿನ ನೂರನೇ ಒಂದು ಭಾಗ) ಎಂಬ ಲೆಕ್ಕ. ಕತ್ತಲಾದರೆ ಯಾರ ತೋಟಕ್ಕೆ ಆನೆ ಇಳಿಯಿತು ಎಂಬ ಸುದ್ದಿ. ಮೊದಲು ವಾಟ್ಸಾಪ್‌ನಲ್ಲಿದ್ದೆವು. ಆಗ ಅಲ್ಲಿ ಒಂದು ಗುಂಪಿಗೆ 256 ಜನರ ಮಿತಿಯಿತ್ತು. ಸಿದ್ದಾಪುರದವರನ್ನು ಸೇರಿಸಿದರೆ ನಾಪೋಕ್ಲಿನವರಿಗೆ ಜಾಗವಿಲ್ಲ. ಎರಡು ಲಕ್ಷ ಜನ ಹಿಡಿಸುವ ಟೆಲಿಗ್ರಾಂಗೆ 2020ರಲ್ಲಿ ಗಂಟುಮೂಟೆ ಕಟ್ಟಿದೆವು. ಗುಂಪಿನ ಕೊಂಡಿ (ಲಿಂಕ್) ಸಿಕ್ಕವರೆಲ್ಲ ಒಳಗೆ ಬರಬಹುದೆಂಬುದು ಅರ್ಥವಾಗಲು ಒಂದು ವಾರ ಸಾಕಾಯಿತು. ರಾತ್ರಿ ಎರಡು ಗಂಟೆಗೆ ಹೆಸರಿಲ್ಲದ ಊರಿನವರು ಬಂದು ಕ್ರಿಪ್ಟೋ, ಜೂಜು, ಮನೆಯಲ್ಲೇ ಕುಳಿತು ಸಂಪಾದನೆ ಎಂದು ಸುರಿದು ಹೋಗುತ್ತಿದ್ದರು. ಬೆಳಗೆದ್ದು ಅದನ್ನು ಗುಡಿಸುವ ಕೆಲಸ ನನ್ನದು.

ಈ ಗುಡಿಸುವ ಕೆಲಸವನ್ನು ತಾನೇ ಮಾಡುವ ತಂತ್ರಾಂಶಕ್ಕೆ ಬಾಟ್ ಎನ್ನುತ್ತಾರೆ. ಮೊದಲು ತಂದ ಬಾಟ್‌ನ ಹೆಸರು ಹೇಳುವುದಿಲ್ಲ. ಉಚಿತವಾಗಿ ಸಿಕ್ಕಿತು, ಕೇಳಿದ ಅಧಿಕಾರವನ್ನೆಲ್ಲ ಕೊಟ್ಟುಬಿಟ್ಟೆ. ಎಂಟು ತಿಂಗಳು ಚೆನ್ನಾಗಿಯೇ ದುಡಿಯಿತು. ಒಂದು ಭಾನುವಾರ ಅದೇ ಎದ್ದು ನಮ್ಮ ಗುಂಪಿನಲ್ಲಿ ಜೂಜಿನ ಜಾಹೀರಾತು ಹಾಕಿತು! ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ.

2021ರಿಂದ ಇರುವುದು ರೋಸ್ ಎಂಬ ಬಾಟ್. ಇದನ್ನು ಸೇರಿಸುವಾಗ ಎರಡು ವಿಷಯದಲ್ಲಿ ಜಿಪುಣತನ ತೋರಿಸಿದೆ. ಸಂದೇಶ ಅಳಿಸುವ ಮತ್ತು ಸದಸ್ಯರನ್ನು ತಡೆಯುವ ಅಧಿಕಾರ ಮಾತ್ರ ಕೊಟ್ಟೆ, ಹೊಸ ಅಡ್ಮಿನ್‌ಗಳನ್ನು ನೇಮಿಸುವ ಅಧಿಕಾರ ಕೊಡಲಿಲ್ಲ. ಯಾವ ಕಾವಲು ಬಾಟ್‌ಗೂ ಅದರ ಅಗತ್ಯವಿಲ್ಲ. ಎರಡನೆಯದು @ ಚಿಹ್ನೆಯಿಂದ ಶುರುವಾಗುವ ಬಳಕೆದಾರ ಹೆಸರನ್ನು ಅಕ್ಷರ ಅಕ್ಷರ ಕೂಡಿಸಿ ಓದಿದ್ದು. ಬಾಟ್‌ಫಾದರ್ (ಬಾಟ್ ಹುಟ್ಟಿಸಿಕೊಡುವ ಟೆಲಿಗ್ರಾಂನದೇ ಬಾಟ್) ಬಳಿ ಹೋಗಿ ರೋಸ್ ಎಂಬ ಹೆಸರು, ಅದೇ ಚಿತ್ರ ಇಟ್ಟು ಬಾಟ್ ಹುಟ್ಟಿಸಲು ಯಾರಿಗೂ ಐದು ನಿಮಿಷ ಸಾಕು; ಇಬ್ಬರಿಗೆ ಒಂದೇ ಇರಲಾರದ್ದು ಬಳಕೆದಾರ ಹೆಸರು ಮಾತ್ರ. ಇನ್ನೊಂದು ಮಾತು: ಅಡ್ಮಿನ್ ಆದ ಬಾಟ್ ಗುಂಪಿನ ಪ್ರತಿಯೊಂದು ಸಂದೇಶವನ್ನೂ ಓದುತ್ತದೆ. ಆದ್ದರಿಂದ ನಮ್ಮಲ್ಲಿ ಬ್ಯಾಂಕ್ ಖಾತೆಯ ಸಂಖ್ಯೆ ಹಾಕಬಾರದೆಂಬ ನಿಯಮವಿದೆ.

ಬಂದವರು ಮನುಷ್ಯರೋ ಯಂತ್ರವೋ ಎಂದು ತಿಳಿಯಲು ಹೊಸಬರಿಗೆ ಇಡುವ ಪರೀಕ್ಷೆಯಲ್ಲಿ ರೋಸ್ ನಾಲ್ಕಾರು ಬಗೆ ಕೊಡುತ್ತದೆ. ಬರಿದೆ ಒಂದು ಗುಂಡಿ ಒತ್ತುವುದು, ಸಣ್ಣ ಲೆಕ್ಕ, ಚಿತ್ರದಲ್ಲಿನ ಅಕ್ಷರ ಗುರುತಿಸುವುದು. ನಾನು ಬುದ್ಧಿವಂತನಂತೆ ಅಕ್ಷರದ್ದನ್ನೇ ಆರಿಸಿ, ಐದು ನಿಮಿಷದಲ್ಲಿ ಉತ್ತರಿಸದವರನ್ನು ಹೊರಗೆ ಹಾಕು ಎಂದು ಹೇಳಿಟ್ಟೆ. ಅದು ಜುಲೈ ತಿಂಗಳು. ಕರೆಂಟ್ ಹೋಗಿ ಮೂರು ದಿನ, ಟವರ್‌ನಲ್ಲಿ ಡೀಸೆಲ್ ಇದ್ದರೆ ಸಿಗ್ನಲ್, ಇಲ್ಲದಿದ್ದರೆ ಇಲ್ಲ. ಭಾಗಮಂಡಲದ ಕಡೆಯ ನಮ್ಮ ಮಾವ ಒಬ್ಬರು ಮೂರು ಸಲ ಸೇರಿ ಮೂರು ಸಲವೂ ಹೊರಬಿದ್ದರು. ನಾಲ್ಕನೆಯ ದಿನ ಲ್ಯಾಂಡ್‌ಲೈನ್‌ನಿಂದ ಫೋನ್ ಬಂತು. “ನಾನೇನು ತಪ್ಪು ಮಾಡಿದೆ ಮಾರಾಯ? ಸೊಟ್ಟ ಅಕ್ಷರ ಓದು ಎನ್ನುತ್ತದೆ. ಕನ್ನಡಕ ಹುಡುಕುವಷ್ಟರಲ್ಲಿ ಸಿಗ್ನಲ್ ಇರುವುದಿಲ್ಲ.”

ಅಂದೇ ಗುಂಡಿಗೆ ಬದಲಾಯಿಸಿದೆ, ಹೊರಹಾಕುವುದನ್ನು ನಿಲ್ಲಿಸಿದೆ, ಸ್ವಾಗತದ ಮಾತನ್ನು ಕನ್ನಡದಲ್ಲಿ ಬರೆದೆ. ಗುಂಡಿ ಒತ್ತುವವರೆಗೆ ಹೊಸಬರು ಓದಬಹುದು, ಬರೆಯುವಂತಿಲ್ಲ. ಗುಂಡಿ ಒತ್ತಲು ಕಲಿತ ಸ್ಪ್ಯಾಮ್ ಖಾತೆಗಳು ತಿಂಗಳಿಗೆ ಒಂದೆರಡು ನುಸುಳುತ್ತವೆ. ನುಸುಳಲಿ. ಕೊಂಡಿಗಳಿಗೆ ಬೀಗ ಹಾಕಿದ್ದೇನೆ. ಹವಾಮಾನ ಇಲಾಖೆ, ಕಾಫಿ ಮಂಡಳಿಯ ತಾಣಗಳಿಗೆ ಮಾತ್ರ ವಿನಾಯಿತಿ.

ಒಬ್ಬರೇ ಸಂದೇಶ ಸುರಿಸದಂತೆ ನೋಡುವ ‘ಪ್ರವಾಹ ತಡೆ’ಯಲ್ಲಿ ನಾನು ಇನ್ನೂ ದೊಡ್ಡ ಎಡವಟ್ಟು ಮಾಡಿದೆ. ಒಬ್ಬರೇ ಸತತವಾಗಿ ಐದಕ್ಕಿಂತ ಹೆಚ್ಚು ಸಂದೇಶ ಕಳಿಸಿದರೆ ಬಾಯಿ ಕಟ್ಟು ಎಂದು ಮಿತಿ ಇಟ್ಟಿದ್ದೆ. ಅಮ್ಮತ್ತಿ ಕಡೆಯ ಒಬ್ಬರು ಮುಂಜಾನೆ ಆರಕ್ಕೆ ಬರೆದದ್ದು ಹೀಗೆ: “ಆನೆ”, “ಮೂರು”, “ಮರಿ ಇದೆ”, “ಲೈನ್ ಮನೆ ಹಿಂದೆ”, “ಆಳುಗಳನ್ನು ಬಿಡಬೇಡಿ”, “ಕೆರೆ ಕಡೆಗೆ”. ಕೈ ನಡುಗುವವರು ಉದ್ದನೆಯ ವಾಕ್ಯ ಬರೆಯುವುದಿಲ್ಲ. ಆರನೆಯದಕ್ಕೆ ಬಾಯಿ ಕಟ್ಟಿತು. ಆನೆ ಕೆರೆ ದಾಟಿ ಎತ್ತ ಹೋಯಿತೆಂದು ಪಕ್ಕದ ತೋಟದವರಿಗೆ ತಿಳಿದದ್ದು ಫೋನ್ ಮಾಡಿದ ಮೇಲೆಯೇ. ರೋಸ್‌ನಲ್ಲಿ ‘ಅಪ್ರೂವ್’ ಎಂಬ ಆಜ್ಞೆ ಇದೆ ಎಂದು ಅಂದು ಹುಡುಕಿ ಕಂಡುಕೊಂಡೆ. ಹಾಗೆ ಅನುಮೋದಿಸಿದವರಿಗೆ ಪ್ರವಾಹ ತಡೆ, ಬೀಗ, ನಿಷೇಧಿತ ಪದಪಟ್ಟಿ ಯಾವುದೂ ತಾಗುವುದಿಲ್ಲ. ಆನೆ ಸುದ್ದಿ ಕೊಡುವ ನಲವತ್ತು ಜನರನ್ನು ಒಬ್ಬೊಬ್ಬರಾಗಿ ಅನುಮೋದಿಸಿದೆ. ಹೊಸದಾಗಿ ಬಾಟ್ ಹಾಕುವವರು ಈ ಕೆಲಸವನ್ನು ಮೊದಲ ದಿನವೇ ಮಾಡಿ.

ಅಣ್ಣನ ಮಗಳು ಹಾಕಿ ಆಟದ ಗೆಳೆಯರಿಗಾಗಿ ಡಿಸ್ಕಾರ್ಡ್‌ನಲ್ಲಿ ಗುಂಪು ನಡೆಸುತ್ತಾಳೆ. ಅಲ್ಲಿ 2022ರಿಂದ ಆಟೋಮಾಡ್ ಎಂಬ ಕಾವಲು ವ್ಯವಸ್ಥೆ ಒಳಗೇ ಇರುವುದರಿಂದ ಸಣ್ಣ ಗುಂಪಿಗೆ ಬೇರೆ ಬಾಟ್ ಬೇಡ ಎನ್ನುತ್ತಾಳೆ. ಬಾಟ್ ಹಾಕುವುದಾದರೆ ಪಾತ್ರಗಳ (ರೋಲ್) ಪಟ್ಟಿಯಲ್ಲಿ ಅದನ್ನು ಮೇಲಕ್ಕೆ ಎಳೆದಿಡಬೇಕು. ತನಗಿಂತ ಮೇಲಿನವರನ್ನು ಅಲ್ಲಿ ಬಾಟ್ ಮುಟ್ಟಲಾರದು.

ಯಾವ ಬಾಟ್‌ನಿಂದಲೂ ಆಗದ್ದು ಒಂದಿದೆ. ಕಳೆದ ಕೊಯ್ಲಿನಲ್ಲಿ ಯಾರೋ ನನ್ನ ಹೆಸರು, ನನ್ನ ಚಿತ್ರ ಇಟ್ಟುಕೊಂಡು ಸದಸ್ಯರಿಗೆ ಖಾಸಗಿಯಾಗಿ ಬರೆದರು: ಅಸ್ಸಾಂನಿಂದ ಇಪ್ಪತ್ತು ಆಳು ಹೊರಟಿದ್ದಾರೆ, ರೈಲು ಚಾರ್ಜಿಗೆ ಅಡ್ವಾನ್ಸ್ ಹಾಕಿ. ಹಣ್ಣು ಗಿಡದಲ್ಲೇ ಒಣಗುತ್ತಿರುವಾಗ ಯಾರು ಯೋಚಿಸುತ್ತಾರೆ? ಒಬ್ಬರು ಹದಿನೆಂಟು ಸಾವಿರ ಕಳಿಸಿದರು. ಸಂಜೆಯೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ ದೂರು ಕೊಡಿಸಿದೆ. ಖಾಸಗಿ ಸಂದೇಶ ಗುಂಪಿನ ಬಾಟ್‌ನ ಕಣ್ಣಿಗೆ ಬೀಳುವುದೇ ಇಲ್ಲ. ಈಗ ಸದಸ್ಯರ ಪಟ್ಟಿಯನ್ನು ಟೆಲಿಗ್ರಾಂನ ಸೆಟ್ಟಿಂಗ್‌ನಲ್ಲಿ ಮರೆಮಾಡಿದ್ದೇನೆ. ಅಡ್ಮಿನ್‌ಗಳು ಯಾರಿಂದಲೂ ಹಣ ಕೇಳುವುದಿಲ್ಲ ಎಂಬ ಸಾಲು ಸ್ವಾಗತದಲ್ಲಿ ಮೊದಲಿಗೇ ಇದೆ.

ಅಳಿಸಿದ್ದರ ದಾಖಲೆ ಬೇರೊಂದು ಚಾನೆಲ್‌ಗೆ ಹೋಗಿ ಬೀಳುವಂತೆ ಮಾಡಿಕೊಳ್ಳಿ. ಬೆಳಗಿನ ಕಾಫಿಯ ಜೊತೆ ನಾನು ಓದುವುದು ಅದನ್ನೇ. ಸಾಲದ ಆ್ಯಪ್‌ಗಳ ಕಾಟಕ್ಕೆಂದು ‘ಸಾಲ’ದಿಂದ ಶುರುವಾಗುವ ಪದಗಳನ್ನೆಲ್ಲ ನಿಷೇಧಿಸಿದ್ದೆ. ಕಾಫಿ ಹೂ ಅರಳಿಸುವ ಮಳೆಗೆ ಕಾಯುವ ಮಾರ್ಚ್‌ನಲ್ಲಿ ಒಂದು ಬೆಳಿಗ್ಗೆ ನೋಡಿದರೆ ಪೊನ್ನಂಪೇಟೆ, ಶನಿವಾರಸಂತೆ, ಚೆಟ್ಟಳ್ಳಿ ಕಡೆಯವರು ಬರೆದದ್ದೆಲ್ಲ ಸಾಲಾಗಿ ಅಳಿಸಿಹೋಗಿತ್ತು. ಎಲ್ಲರೂ ಬರೆದದ್ದು ಒಂದೇ ಮಾತು: ಹೂಮಳೆ ಸಾಲದು.