ಮಾವನವರಿಗಾಗಿ ಮನೆಗೇ ಬಂದ ಥೆರಪಿಸ್ಟ್: ಕೆಲಸಕ್ಕೆ ಐದು ಸ್ಟಾರ್, ಆಫೀಸಿಗೆ ಎರಡು

ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ವಯಸ್ಸಾದ ಮಾಜಿ ಸೈನಿಕರಿದ್ದಾರೆ, ರಾತ್ರಿ ನಿದ್ದೆ ಇಲ್ಲ, ಸಿಟ್ಟು ಜಾಸ್ತಿ, ಹೊರಗೆ ಕಾಲಿಡುವುದೇ ಇಲ್ಲ ಅನ್ನುವ ಹಾಗಿದ್ದರೆ, ಡಾಕ್ಟರ ಮಾತ್ರೆಯ ಜೊತೆಗೆ ಆಕ್ಯುಪೇಷನಲ್ ಥೆರಪಿಸ್ಟ್ ಒಬ್ಬರನ್ನು, ಅಂದರೆ ದಿನದಿನದ ಕೆಲಸಗಳನ್ನು ಮತ್ತೆ ತಾವೇ ಮಾಡಿಕೊಳ್ಳುವ ಹಾಗೆ ಮಾಡಿಸುವವರನ್ನು, ಮನೆಗೆ ಕರೆಸಿ. ಮಾನಸಿಕ ಆರೋಗ್ಯದಲ್ಲಿ ಕೆಲಸ ಮಾಡಿ ಅನುಭವ ಇರುವವರೇ ಆಗಬೇಕು. ದುಡ್ಡು ದಂಡ ಅಲ್ಲ. ಅವರನ್ನು ಕಳಿಸುವ ಏಜೆನ್ಸಿಯ ಆಫೀಸಿನ ಕಥೆ ಬೇರೆ, ಅದನ್ನು ಆಮೇಲೆ ಹೇಳುತ್ತೇನೆ. ಹೆಸರು ಹಾಕುತ್ತಿಲ್ಲ. ನನ್ನ ದೂರುಗಳಿಂದ ನಮ್ಮ ಥೆರಪಿಸ್ಟ್ ಮೇಡಂ ಕೆಲಸಕ್ಕೆ ತೊಂದರೆ ಆಗುವುದು ಬೇಡ.

ನಮ್ಮ ಮಾವನವರು ಮದ್ರಾಸ್ ಎಂಜಿನಿಯರ್ ಗ್ರೂಪಿನಲ್ಲಿದ್ದವರು. 1987ರಲ್ಲಿ ಶಾಂತಿಪಾಲನಾ ಪಡೆ ಅಂತ ಶ್ರೀಲಂಕಾಗೆ ಹೋಯಿತಲ್ಲ, ಅದರಲ್ಲಿ ಜಾಫ್ನಾ ಕಡೆ ಇದ್ದರು. ನೆಲಬಾಂಬ್ ಹುಡುಕಿ ತೆಗೆಯುವ ಕೆಲಸ. ಪೆನ್ಷನ್ ಬಂದ ಮೇಲೆ ಬ್ಯಾಂಕೊಂದರಲ್ಲಿ ಸೆಕ್ಯುರಿಟಿ ಗಾರ್ಡ್ ಆಗಿ ಅರವತ್ತು ದಾಟುವವರೆಗೂ ದುಡಿದರು. ಅಷ್ಟೂ ವರ್ಷ ಯಾವ ತೊಂದರೆಯೂ ಕಾಣಲಿಲ್ಲ. ಆ ಕೆಲಸವೂ ಮುಗಿದು, ಅತ್ತೆಯವರೂ ಹೋದ ಮೇಲೆ ಒಂದೊಂದಾಗಿ ಶುರುವಾಯಿತು. ಕೈತುಂಬ ಕೆಲಸ ಇರುವವರೆಗೆ ಹಳೆಯದು ಸುಮ್ಮನಿರುತ್ತದೆ, ವಯಸ್ಸಾಗಿ ಮನೆಯಲ್ಲಿ ಕೂತಾಗ ಮೇಲೆ ಬರುತ್ತದೆ, ಸೈನಿಕರಲ್ಲಿ ಇದು ಅಪರೂಪ ಏನಲ್ಲ ಅಂದರು ಸೈಕಿಯಾಟ್ರಿಸ್ಟ್. ಥೆರಪಿಸ್ಟನ್ನು ಕರೆಸಿ ಅಂದವರೂ ಅವರೇ.

ಮೊದಲ ಭೇಟಿ ಒಂದೂವರೆ ಗಂಟೆ ಆಯಿತು. ಯುದ್ಧದ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. ಬೆಳಿಗ್ಗೆ ಎಷ್ಟಕ್ಕೆ ಏಳುತ್ತೀರಿ, ಶೇವಿಂಗ್ ದಿನಾ ಮಾಡುತ್ತೀರಾ, ಪೇಪರ್ ಎಲ್ಲಿ ಕೂತು ಓದುತ್ತೀರಿ, ಮಧ್ಯಾಹ್ನ ಮಲಗುತ್ತೀರಾ, ರಾತ್ರಿ ಎಚ್ಚರ ಆದರೆ ಎದ್ದು ಎಲ್ಲಿಗೆ ಹೋಗುತ್ತೀರಿ, ಇಂಥವೇ. ಬಾತ್‌ರೂಮ್ ನೋಡಿದರು, ಮೆಟ್ಟಿಲು ನೋಡಿದರು, ಮಾವನವರ ಮಂಚ ಯಾವ ಕಡೆ ಮುಖ ಮಾಡಿದೆ ಅಂತಲೂ ನೋಡಿದರು. ಆಮೇಲೆ ಒಂದು ಹಾಳೆ ತೆಗೆದರು. ಕೆನಡಾದಲ್ಲಿ ಮಾಡಿದ ಅಳತೆಯಂತೆ, ಈ ಕೆಲಸದವರು ಬೇರೆ ಬೇರೆ ದೇಶಗಳಲ್ಲಿ ಬಳಸುತ್ತಾರೆ. ನನಗೆ ಇದನ್ನು ಮಾಡಬೇಕು, ಆದರೆ ಆಗುತ್ತಿಲ್ಲ ಅನ್ನುವ ಕೆಲಸಗಳನ್ನು ಅವರೇ ಹೇಳಬೇಕು, ಹೆಚ್ಚೆಂದರೆ ಐದು. ಒಂದೊಂದನ್ನೂ ಈಗ ಎಷ್ಟು ಚೆನ್ನಾಗಿ ಮಾಡುತ್ತಿದ್ದೇನೆ, ಅದರಲ್ಲಿ ಎಷ್ಟು ಸಮಾಧಾನ ಇದೆ ಅಂತ 1ರಿಂದ 10ರೊಳಗೆ ನಂಬರ್ ಕೊಡಬೇಕು.

ನಮ್ಮ ಯಜಮಾನರು ಪಕ್ಕದಲ್ಲೇ ಕೂತು, ‘ಮೊದಲು ಸಿಟ್ಟು ಕಡಿಮೆ ಆಗಬೇಕು ಮೇಡಂ’ ಅಂದರು. ‘ಅದು ನಿಮ್ಮ ಲಿಸ್ಟ್ ಸಾರ್, ಇದು ಸುಬೇದಾರ್ ಸಾಹೇಬರದ್ದು’ ಅಂದುಬಿಟ್ಟರು. ಮಾವನವರು ಆವತ್ತೇ ಅವರಿಗೆ ಒಲಿದರು ಅನಿಸುತ್ತದೆ. ಬೆಳಿಗ್ಗೆ ತಾನೇ ನಡೆದು ಹೋಗಿ ಹಾಲು ತರಬೇಕು. ಭಾನುವಾರ ಮಟನ್ ತಾನೇ ಮಾಡಬೇಕು. ಮಿಲಿಟರಿ ಕ್ಯಾಂಟೀನಿಗೆ ಒಬ್ಬನೇ ಹೋಗಿ ಬರಬೇಕು. ರಾತ್ರಿ ಮಲಗಬೇಕು. ಅವರು ಹೇಳಿದ್ದು ಇಷ್ಟೇ. ಹಾಲಿಗೆ 2 ಕೊಟ್ಟರು, ಕ್ಯಾಂಟೀನಿಗೆ 1.

ಹಾಲಿನ ವಿಷಯ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಯಾಕೆಂದರೆ ಈ ಕೆಲಸ ಏನು ಅಂತ ನನಗೆ ಅರ್ಥ ಆಗಿದ್ದೇ ಅಲ್ಲಿ. ನಂದಿನಿ ಬೂತ್ ನಮ್ಮ ಮನೆಯಿಂದ ಎರಡು ತಿರುವು ಅಷ್ಟೇ. ಮಂಡಿ ನೋವು, ಅದಕ್ಕೇ ಹೋಗಲ್ಲ ಅಂತ ಮಾವನವರೇ ಹೇಳುತ್ತಿದ್ದರು. ಫಿಸಿಯೋದವರು ಬಂದು ಮಂಡಿಗೆ ವ್ಯಾಯಾಮ ಹೇಳಿಕೊಟ್ಟು ಹೋಗಿದ್ದರು. ಮೇಡಂ ವ್ಯಾಯಾಮ ಗೀಯಾಮ ಏನೂ ಹೇಳಲಿಲ್ಲ, ಸುಮ್ನೆ ಜೊತೆಗೆ ಹೊರಟರು. ಎರಡನೇ ತಿರುವಿನಲ್ಲಿ ಪೈಪ್ ಹಾಕುವುದಕ್ಕೆ ರಸ್ತೆ ಅಗೆದು, ಮಣ್ಣು ಸಡಿಲವಾಗಿ ಮುಚ್ಚಿ ಹೋಗಿದ್ದರು. ನಮ್ಮೂರಲ್ಲಿ ಇದು ಯಾವಾಗಲೂ ಇದ್ದದ್ದೇ, ಅಲ್ವಾ? ಅದು ಇನ್ನೂ ಸ್ವಲ್ಪ ದೂರ ಇದೆ ಅನ್ನುವಾಗಲೇ ಮಾವನವರು ನಿಂತರು, ಮಂಡಿ ಹಿಡಿಯಿತು ಅಂದರು, ವಾಪಸ್ ತಿರುಗಿದರು. ಮೇಡಂ ಅಲ್ಲಿ ಏನೂ ಮಾತಾಡಲಿಲ್ಲ. ಮನೆಗೆ ಬಂದು ಕಾಫಿ ಕುಡಿಯುವಾಗ ಕೇಳಿದರು: ‘ಸಾರ್, ಮೆಟ್ಟಿಲು ಹತ್ತುವಾಗ ನಿಮಗೆ ಮಂಡಿ ನೋಯಲಿಲ್ಲ. ಆ ತಿರುವಿನಲ್ಲಿ ಹೊಸದಾಗಿ ಅಗೆದಿದ್ದಾರಲ್ಲ, ಅದಕ್ಕಾ?’

ಮಾವನವರು ತುಂಬಾ ಹೊತ್ತು ಸುಮ್ಮನಿದ್ದು, ‘ಅಗೆದ ಮಣ್ಣಿನ ಮೇಲೆ ನಾನು ಕಾಲಿಡಲ್ಲಮ್ಮ’ ಅಂದರು. ಅಷ್ಟೇ. ಮೇಡಂ ಕೂಡ ಯಾಕೆ ಅಂತ ಕೇಳಲಿಲ್ಲ.

ಬೇರೆಯವರಾಗಿದ್ದರೆ ಅಲ್ಲೇ ಬುದ್ಧಿ ಹೇಳುತ್ತಿದ್ದರು, ಇದು ಮೈಸೂರು ಸಾರ್, ಬಾಂಬ್ ಇಲ್ಲ ಅಂತ. ಮೇಡಂ ಒಂದು ಕಾಗದದಲ್ಲಿ ಬೂತಿಗೆ ಹೋಗುವ ಇನ್ನೊಂದು ದಾರಿ ಬರೆಸಿದರು. ಪೂರ್ತಿ ಟಾರ್ ರಸ್ತೆ, ಸ್ವಲ್ಪ ಸುತ್ತು. ಮೊದಲು ನನ್ನ ಮಗನ ಜೊತೆ, ಆಮೇಲೆ ಮಗ ಹಿಂದೆ, ಆಮೇಲೆ ಒಬ್ಬರೇ. ಹಾಲು ಮನೆಗೆ ಬರತೊಡಗಿದ ಮೇಲೆಯೇ ಆ ತಿರುವಿನ ಮಾತು. ಅದೂ ಎದುರು ಬದಿಯಿಂದ, ಬೇಕು ಅನಿಸಿದ ದಿನ ಮಾತ್ರ. ಭಯದ ಮೂಲಕ್ಕೆ ಚಿಕಿತ್ಸೆ ಕೊಡುವುದು ಸೈಕಾಲಜಿಸ್ಟ್ ಕೆಲಸ, ಇವರ ದಿನ ಇವರ ಕೈಗೆ ವಾಪಸ್ ಬರುವ ಹಾಗೆ ಮಾಡುವುದು ನನ್ನ ಕೆಲಸ ಅಂತ ನಮಗೆ ಸ್ಪಷ್ಟವಾಗಿ ಹೇಳಿದರು. ಎರಡೂ ಕಡೆಯವರು ಫೋನಿನಲ್ಲಿ ಮಾತಾಡಿಕೊಳ್ಳುತ್ತಿದ್ದರು.

ಇನ್ನೊಂದು ವಿಷಯ. ವಯಸ್ಸಾದವರಿಗೆ ಕೈತೋಟ ಮಾಡಿಸಿ ಅಂತ ಎಲ್ಲರೂ ಹೇಳುತ್ತಾರೆ, ನಮಗೂ ಹೇಳಿದ್ದರು. ಈ ಮನುಷ್ಯನ ಕೈಗೆ ಗುದ್ದಲಿ ಕೊಟ್ಟು ಮಣ್ಣು ಅಗೆಯಿರಿ ಅಂದಿದ್ದರೆ ಏನಾಗುತ್ತಿತ್ತೋ! ಮೇಡಂ ಆ ಹೆಸರನ್ನೇ ಎತ್ತಲಿಲ್ಲ.

ಮಟನ್ ಕಥೆ ಸುಲಭವಾಗಿ ಮುಗಿಯಿತು. ಕುಕ್ಕರ್ ವಿಷಲ್‌ಗೆ ಮಾವನವರು ಬೆಚ್ಚಿಬಿದ್ದು ಕೂಗಾಡುತ್ತಿದ್ದರು. ತಾವೇ ಒಲೆ ಮುಂದೆ ನಿಂತರೆ ಅದು ಯಾವಾಗ ಬರುತ್ತದೆ ಅಂತ ಗೊತ್ತಿರುತ್ತದೆ, ಆಗ ಏನೂ ಆಗುವುದಿಲ್ಲ. ಶುರುವಿನಲ್ಲಿ ಕುಕ್ಕರ್ ಬಿಟ್ಟು ದೊಡ್ಡ ಪಾತ್ರೆಯಲ್ಲೇ ಬೇಯಿಸಿದರು. ಹೊತ್ತು ಹಿಡಿಯಿತು, ರುಚಿ ಮಾತ್ರ ನಾನು ಮಾಡುವುದಕ್ಕಿಂತ ಚೆನ್ನಾಗಿತ್ತು. ಖಾರ ರುಬ್ಬುವುದು ಈಗಲೂ ನನ್ನ ಪಾಲಿಗೇ ಬಂದಿದೆ, ಅದು ಬೇರೆ ಮಾತು.

ನಿದ್ದೆಗೆ ಮಾಡಿದ್ದು ನೋಡಿ. ರಾತ್ರಿಯೆಲ್ಲ ಎದ್ದೆದ್ದು ಗೇಟಿನ ಚಿಲಕ ನೋಡುವ ಅಭ್ಯಾಸ ಇತ್ತು. ಬೇಡ ಅನ್ನಲಿಲ್ಲ. ಹತ್ತು ಗಂಟೆಗೆ ಒಂದು ರೌಂಡ್, ಗೇಟು, ಹಿಂಬಾಗಿಲು, ಗ್ಯಾಸ್, ನೋಡಿ ಪುಸ್ತಕದಲ್ಲಿ ಟೈಮ್ ಬರೆದು ಸೈನ್ ಮಾಡಿ. ಮತ್ತೆ ಎಚ್ಚರ ಆದರೆ ಗೇಟಿಗೆ ಹೋಗುವ ಬದಲು ಪುಸ್ತಕ ನೋಡಿ. ಫೌಜಿಗೆ ರಿಜಿಸ್ಟರ್ ಸಿಕ್ಕಿದರೆ ಕೇಳಬೇಕಾ! ಮಂಚ ತಿರುಗಿಸಿ ಬಾಗಿಲು ಕಾಣುವ ಹಾಗೆ ಹಾಕಿಸಿದರು. ಬಾತ್‌ರೂಮಿಗೆ ಹೋಗುವ ದಾರಿಯಲ್ಲಿ ಸಣ್ಣ ದೀಪ, ಕಮೋಡ್ ಪಕ್ಕ ಹಿಡಿ. ನಾಲ್ಕು ಗಂಟೆ ಮೇಲೆ ಕಾಫಿ ಟೀ ಇಲ್ಲ. ರಾತ್ರಿ ಎದ್ದಾಗ ತೂರಾಡುತ್ತಾರೆ ಅಂತ ನಾವು ಹೇಳಿದ್ದನ್ನು ಬರೆದು ಸೈಕಿಯಾಟ್ರಿಸ್ಟಿಗೆ ಕಳಿಸಿದರು, ಅವರು ಮಾತ್ರೆಯ ಹೊತ್ತು ಬದಲಿಸಿದರು. ನಮಗೆ ಹೇಳಿದ್ದು ಒಂದೇ: ಮಲಗಿರುವಾಗ ಮೈ ಮುಟ್ಟಿ ಎಬ್ಬಿಸಬೇಡಿ, ಕಾಲಿನ ಕಡೆ ನಿಂತು ಹೆಸರು ಹೇಳಿ ಕರೆಯಿರಿ. ಮಾವನ ಹೆಸರು ಹಿಡಿದು ನಾನು ಹೇಗೆ ಕರೆಯಲಿ ಹೇಳಿ! ‘ಸುಬೇದಾರ್ ಸಾಹೇಬ್ರೇ’ ಅಂತಲೇ ಕರೆಯುತ್ತೇನೆ, ಅವರಿಗೂ ಖುಷಿ.

ಕಿವಿ ಪರೀಕ್ಷೆ ಮಾಡಿಸಿ ಅಂದದ್ದೂ ಇವರೇ. ಸಿಡುಕಿಗೆ ಅರ್ಧ ಕಾರಣ ಕೇಳಿಸದಿರುವುದೇ ಇರಬಹುದು ಅಂದರು. ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ, ದೂರದೂರದ ಊರಿನವರು ಅಲ್ಲಿಗೆ ಬರುತ್ತಾರೆ, ನಾವು ಇಲ್ಲೇ ಇದ್ದು ಹೋಗಿರಲಿಲ್ಲ. ಕಿವಿಗೆ ಮೆಷಿನ್ ಬಂತು. ಒಮ್ಮೆಗೇ ಎಲ್ಲ ಸದ್ದೂ ಜೋರಾಗಿ ಕೇಳಿ ಮತ್ತೆ ಬೆಚ್ಚಬಾರದು ಅಂತ, ದಿನಾ ಸ್ವಲ್ಪ ಸ್ವಲ್ಪ ಹೊತ್ತು ಹಾಕಿಸಿ ಅಭ್ಯಾಸ ಮಾಡಿಸಿದರು.

ಸದ್ದು ಅಂದರೆ ದಸರಾ. ನಮ್ಮ ಮನೆ ಚಾಮುಂಡಿಪುರಂ ಕಡೆ. ಜಂಬೂಸವಾರಿಗೆ ಮುಂಚೆ ಆನೆ, ಕುದುರೆಗಳಿಗೆ ಅಭ್ಯಾಸ ಆಗಲಿ ಅಂತ ಫಿರಂಗಿ ತಾಲೀಮು ಮಾಡುತ್ತಾರಲ್ಲ, ಆ ದಿನಗಳಲ್ಲಿ ಮಾವನವರು ಕೋಣೆ ಬಿಟ್ಟು ಬರುತ್ತಿರಲಿಲ್ಲ. ಆನೆಗೆ ತಾಲೀಮು ಉಂಟು, ನಮ್ಮಂಥವರಿಗೆ ಇಲ್ಲವಾ ಅಂತ ಒಮ್ಮೆ ತಾವೇ ಗೊಣಗಿದ್ದರು. ಅದನ್ನು ಹೇಳಿದೆ, ಮೇಡಂ ನಕ್ಕರು, ಆಮೇಲೆ ಅದನ್ನೇ ಮಾಡಿದರು. ಪೇಪರಿನಲ್ಲಿ ತಾಲೀಮಿನ ದಿನ ಬಂದ ಕೂಡಲೇ ಕ್ಯಾಲೆಂಡರಿನಲ್ಲಿ ಮಾವನವರ ಕೈಯಲ್ಲೇ ಬರೆಸುವುದು, ಆ ಹೊತ್ತಿಗೆ ಎಲ್ಲಿರಬೇಕು, ಯಾರ ಜೊತೆ, ಕೈಯಲ್ಲಿ ಏನು ಕೆಲಸ ಅಂತ ಮೊದಲೇ ತೀರ್ಮಾನ ಮಾಡುವುದು. ವಿಜಯದಶಮಿಯ ದಿನ 21 ಕುಶಾಲತೋಪು ಹಾರಿಸಿದಾಗ ಟೀವಿ ಮುಂದೆ ಮೊಮ್ಮಗನ ಪಕ್ಕ ಕೂತು ಒಂದೊಂದನ್ನೂ ಎಣಿಸಿದರು. ಬೆವರಿದರು, ಆದರೆ ಎದ್ದು ಹೋಗಲಿಲ್ಲ.

ದೀಪಾವಳಿ ಪಟಾಕಿಗೆ ಮಾತ್ರ ನನ್ನ ಹತ್ತಿರ ಉಪಾಯ ಇಲ್ಲ ಅಂತ ಮೇಡಂ ನೇರವಾಗಿ ಹೇಳಿದರು. ಅದು ಯಾವಾಗ, ಎಲ್ಲಿಂದ ಬರುತ್ತದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಮಂಡ್ಯದ ಹತ್ತಿರ ನಾದಿನಿಯ ತೋಟದ ಮನೆ ಇದೆ, ಸುತ್ತ ಕಬ್ಬಿನ ಗದ್ದೆ, ಆ ಮೂರು ದಿನ ಅಲ್ಲಿಗೆ ಕಳಿಸುತ್ತೇವೆ. ಇದು ಸೋಲಲ್ಲ, ಪ್ಲಾನ್ ಅಂದರು ಮೇಡಂ. ಇರಲಿ.

ಅವರ ಕೆಲಸ ನೋಡಿ ನನಗೇ ಸುಸ್ತಾಗುತ್ತಿತ್ತು. ಸ್ಕೂಟರಿನಲ್ಲಿ ಊರೆಲ್ಲ ಸುತ್ತು, ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ಕಥೆ, ರಾತ್ರಿ ಕೂತು ರಿಪೋರ್ಟ್. ಇಷ್ಟೆಲ್ಲ ಕೇಳಿಸಿಕೊಂಡು ನಿಮಗೇ ಏನೂ ಆಗಲ್ವಾ ಅಂತ ಕೇಳಿದೆ. ಆಗುತ್ತದೆ, ಅದಕ್ಕೇ ಒಬ್ಬ ಸೀನಿಯರ್ ಹತ್ತಿರ ತಪ್ಪದೆ ಮಾತಾಡುತ್ತೇನೆ ಅಂದರು. ಮಾವನವರು ‘ಡಾಕ್ಟ್ರಮ್ಮ’ ಅಂದಾಗಲೆಲ್ಲ ನಾನು ಡಾಕ್ಟರ್ ಅಲ್ಲ ಸಾರ್ ಅನ್ನುತ್ತಾರೆ. ಮಾವನವರು ಕೇಳಬೇಕಲ್ಲ.

ಈಗ ಆಫೀಸ್. ಒಂದು ವಾರ ಮೇಡಂ ರಜೆ, ಹೇಳದೆ ಕೇಳದೆ ಬೇರೆ ಹುಡುಗನನ್ನು ಕಳಿಸಿದರು. ಅವನು ಕೂತ ತಕ್ಷಣ, ‘ತಾತಾ, ಯುದ್ಧದ ಕಥೆ ಹೇಳಿ, ಎಷ್ಟು ಜನರನ್ನು ಹೊಡೆದಿರಿ’ ಅಂದ. ಮಾವನವರು ಎದ್ದು ಒಳಗೆ ಹೋದವರು ಊಟಕ್ಕೂ ಬರಲಿಲ್ಲ, ಮತ್ತೆ ಮೊದಲಿನ ಹಾಗೆ ಆಗುವುದಕ್ಕೆ ಎಷ್ಟೋ ದಿನ ಹಿಡಿಯಿತು. ಬಣ್ಣ ತುಂಬುವ ಚಿತ್ರದ ಹಾಳೆ ಬೇರೆ ಕೊಟ್ಟು ಹೋಗಿದ್ದ, ಗಿಳಿ ಚಿತ್ರ. ಎಪ್ಪತ್ತು ದಾಟಿದ ಸುಬೇದಾರರಿಗೆ! ಫೋನ್ ಮಾಡಿ ಹೇಳಿದರೆ ‘ಫೀಡ್‌ಬ್ಯಾಕ್ ತಗೊಂಡಿದ್ದೀವಿ ಮೇಡಂ’ ಅಷ್ಟೇ. ಆ ಭೇಟಿಗೂ ದುಡ್ಡು ಹಿಡಿದರು. ಫಾರಂ ಎಲ್ಲ ಇಂಗ್ಲಿಷಿನಲ್ಲಿ, ಮೇಡಂ ಕೂತು ಕನ್ನಡದಲ್ಲಿ ಹೇಳಿ ಬರೆಸಿಕೊಳ್ಳಬೇಕು. ಬುಕಿಂಗ್ ಆ್ಯಪಿನಲ್ಲಿ ಮಾತ್ರ. ಮೂರು ತಿಂಗಳ ಪ್ಯಾಕೇಜ್ ತಗೊಳ್ಳಿ ಅಂತ ಒತ್ತಾಯ ಬೇರೆ. ತಗೊಳ್ಳಬೇಡಿ, ಒಂದೊಂದು ಭೇಟಿಗೆ ಕೊಡಿ.

ನಮಗೆ ಭೇಟಿಗೆ 1,200 ರೂಪಾಯಿ. ಮಾವನವರ ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡಿನಲ್ಲಿ ಡಾಕ್ಟರು, ಮಾತ್ರೆ ನಡೆಯುತ್ತದೆ, ಇದನ್ನು ಮಾತ್ರ ನಾವು ಕೈಯಿಂದಲೇ ಕೊಟ್ಟೆವು. ವಾರಕ್ಕೊಮ್ಮೆ ಶುರು ಮಾಡಿ ಈಗ ತಿಂಗಳಿಗೊಮ್ಮೆಗೆ ಇಳಿಸಿದ್ದೇವೆ. ಕರೆಸುವ ಮುಂಚೆ ಆಕ್ಯುಪೇಷನಲ್ ಥೆರಪಿಯ ಬಿಓಟಿ ಅಥವಾ ಎಂಓಟಿ ಡಿಗ್ರಿ ಇದೆಯಾ, ಮಾನಸಿಕ ಆರೋಗ್ಯದಲ್ಲಿ ಎಷ್ಟು ವರ್ಷ ಕೆಲಸ ಮಾಡಿದ್ದಾರೆ, ರಜೆ ಹಾಕಿದರೆ ಯಾರು ಬರುತ್ತಾರೆ, ಈ ಮೂರು ಕೇಳಿ. ಮಕ್ಕಳ ಥೆರಪಿ ಮಾತ್ರ ಮಾಡಿದವರನ್ನೂ ಕಳಿಸಿಬಿಡುತ್ತಾರೆ. ದುಡ್ಡು ಹೊಂದಿಸಲು ಆಗದಿದ್ದರೆ ಕೆ.ಆರ್. ಆಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಹೋಗಬಹುದು. ನಡುರಾತ್ರಿ ಏನಾದರೂ ಆದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಹಾಳೆಯಲ್ಲಿ ಹಾಲಿನ ನಂಬರ್ 2ರಿಂದ 8ಕ್ಕೆ ಬಂದಿದೆ. ನಿದ್ದೆ ಪರವಾಗಿಲ್ಲ. ಕ್ಯಾಂಟೀನ್ ಇನ್ನೂ 3ರಲ್ಲೇ ಇದೆ, ಅಲ್ಲಿಯ ರಶ್ ಅವರಿಗೆ ಆಗುವುದಿಲ್ಲ, ತಿಂಗಳ ಕೊನೆಗೆ ಜನ ಕಡಿಮೆ ಇದ್ದಾಗ ಹೋಗಿ ನೋಡೋಣ ಅಂದುಕೊಂಡಿದ್ದೇವೆ. ಮಂಡ್ಯದವರು ಕೇಳುತ್ತೀರಿ ಅಂತ ಗೊತ್ತು. ಅಲ್ಲಿಗೂ ಬರುತ್ತಾರೆ, ಶನಿವಾರ ಮಾತ್ರ, ಪ್ರಯಾಣದ ಖರ್ಚು ಬೇರೆ. ಅದು ಪೂರ್ತಿ ಮೇಡಂಗೇ ಹೋಗುತ್ತದಾ ಅಂತ ಆಫೀಸಿನಲ್ಲಿ ಒಮ್ಮೆ ಕೇಳಿ ನೋಡಿ.