ಕ್ಯಾನನ್ 80ಡಿ ಪಿಕ್ಚರ್ ಸ್ಟೈಲ್: ಏರಿಸುವುದಕ್ಕಿಂತ ಇಳಿಸಿದರೇ ಲಾಭ

ಕ್ಯಾನನ್ 80ಡಿ ಕ್ಯಾಮೆರಾ ಬಂದಿದ್ದು 2016ರಲ್ಲಿ. ಅದರ ಆಟೋಫೋಕಸ್, ಬ್ಯಾಟರಿ, ತಿರುಗುವ ಸ್ಕ್ರೀನ್ ಬಗ್ಗೆ ಈಗ ಹೊಸದಾಗಿ ಹೇಳುವಂಥದ್ದು ಏನೂ ಉಳಿದಿಲ್ಲ. ಹಾಗಾಗಿ ಈ ವಿಮರ್ಶೆ ಹೆಚ್ಚುಕಮ್ಮಿ ಒಂದೇ ಮೆನುವಿನ ಬಗ್ಗೆ: ಪಿಕ್ಚರ್ ಸ್ಟೈಲ್. ಎಷ್ಟೋ ಜನ ಅದನ್ನು ತೆರೆದೂ ನೋಡಿರುವುದಿಲ್ಲ. ಡಬ್ಬಿಯಿಂದ ತೆಗೆದಾಗ ‘ಆಟೋ’ದಲ್ಲಿರುತ್ತದೆ, ಕೊನೆಗೆ ಮಾರುವಾಗಲೂ ಆಟೋದಲ್ಲೇ ಇರುತ್ತದೆ.

ನನ್ನ ಓಡಾಟವೆಲ್ಲ ಉತ್ತರ ಕನ್ನಡದ ಘಟ್ಟದ ಮೇಲೆ. ಮಳೆಗಾಲದಲ್ಲಿ ತೋಟ, ಗದ್ದೆ. ಬೇಸಿಗೆಯಲ್ಲಿ ನೆಂಟರಿಷ್ಟರ ಮದುವೆ, ಉಪನಯನ. ಸೀಸನ್‌ನಲ್ಲಿ ರಾತ್ರಿ ಯಕ್ಷಗಾನ. ಕಂಪ್ಯೂಟರ್ ಮುಂದೆ ಕೂತು ಒಂದೊಂದೇ ಫೋಟೋ ತಿದ್ದುವಷ್ಟು ಪುರುಸೊತ್ತು ನನಗಿಲ್ಲ, ಆಸಕ್ತಿಯೂ ಅಷ್ಟಕ್ಕಷ್ಟೆ. ಕ್ಯಾಮೆರಾದಿಂದ ಜೆಪೆಗ್, ಅಂದರೆ ಸಿದ್ಧ ಫೋಟೋ ಫೈಲ್, ಹೊರಬಂದಾಗಲೇ ನೋಡುವ ಹಾಗಿರಬೇಕು. ಅಂಥವರಿಗೇ ಈ ಬರಹ. ರಾ ಫೈಲ್ (ಕ್ಯಾಮೆರಾ ಹಿಡಿದದ್ದು ಹಾಗೇ ಇರುವ ಕಚ್ಚಾ ಫೈಲ್) ತೆಗೆದು ಎಲ್ಲವನ್ನೂ ಅಡೋಬಿಯ ಫೋಟೋ ತಿದ್ದುವ ತಂತ್ರಾಂಶ ಲೈಟ್‌ರೂಮ್‌ನಲ್ಲಿ ಮಾಡುವವರಿಗೆ ಇದರಲ್ಲಿ ಸಿಗುವುದು ಕಡಿಮೆ. ಕಾರಣ ಮುಂದೆ ಹೇಳುತ್ತೇನೆ.

ಪಿಕ್ಚರ್ ಸ್ಟೈಲ್ ಅಂದರೆ ಇಷ್ಟೇ. ಕ್ಯಾಮೆರಾದ ಸೆನ್ಸರ್ (ಬೆಳಕು ಹಿಡಿಯುವ ಭಾಗ) ಹಿಡಿದದ್ದನ್ನು ಜೆಪೆಗ್ ಮಾಡುವಾಗ ಬಣ್ಣ ಎಷ್ಟಿರಬೇಕು, ಕಪ್ಪು-ಬಿಳುಪಿನ ಅಂತರ ಎಷ್ಟಿರಬೇಕು, ಅಂಚು ಎಷ್ಟು ಚೂಪಾಗಿರಬೇಕು ಅಂತ ಕ್ಯಾಮೆರಾಕ್ಕೆ ಮೊದಲೇ ಹೇಳಿಡುವುದು. ಕ್ಯಾನನ್ 2005ರಲ್ಲಿ, ಮೊದಲ 5ಡಿ ಬಂದ ಹೊತ್ತಿಗೆ, ಇದನ್ನು ಈ ಹೆಸರಲ್ಲಿ ಶುರು ಮಾಡಿತು. ನಿಕಾನ್‌ನಲ್ಲಿ ಇದಕ್ಕೆ ಪಿಕ್ಚರ್ ಕಂಟ್ರೋಲ್, ಸೋನಿಯಲ್ಲಿ ಮೊದಲು ಕ್ರಿಯೇಟಿವ್ ಸ್ಟೈಲ್, ಈಗ ಕ್ರಿಯೇಟಿವ್ ಲುಕ್, ಫ್ಯೂಜಿಯಲ್ಲಿ ಫಿಲ್ಮ್ ಸಿಮ್ಯುಲೇಶನ್ ಅನ್ನುತ್ತಾರೆ. ಹೆಸರು ಬೇರೆ, ಕೆಲಸ ಹತ್ತಿರ ಹತ್ತಿರ ಒಂದೇ.

80ಡಿಯಲ್ಲಿ ಆಟೋ, ಸ್ಟ್ಯಾಂಡರ್ಡ್, ಪೋರ್ಟ್ರೇಟ್, ಲ್ಯಾಂಡ್‌ಸ್ಕೇಪ್, ಫೈನ್ ಡೀಟೇಲ್, ನ್ಯೂಟ್ರಲ್, ಫೇತ್‌ಫುಲ್, ಮೊನೊಕ್ರೋಮ್ ಇವೆ. ಜೊತೆಗೆ ನಾವೇ ತುಂಬಿಕೊಳ್ಳಲು ಯೂಸರ್ ಡೆಫ್ ಅಂತ 3 ಜಾಗ. ಮೊನೊಕ್ರೋಮ್ ಬಿಟ್ಟು ಉಳಿದ ಪ್ರತಿಯೊಂದರ ಒಳಗೂ ಶಾರ್ಪ್‌ನೆಸ್ (ಅಂಚಿನ ಚೂಪು), ಕಾಂಟ್ರಾಸ್ಟ್ (ಕಪ್ಪು-ಬಿಳುಪಿನ ಅಂತರ), ಸ್ಯಾಚುರೇಶನ್ (ಬಣ್ಣದ ಗಾಢತೆ), ಕಲರ್ ಟೋನ್ ಬದಲಾಯಿಸಬಹುದು. ಕೊನೆಯ ಮೂರೂ ಮೈನಸ್ 4ರಿಂದ ಪ್ಲಸ್ 4ರವರೆಗೆ ಹೋಗುತ್ತವೆ.

ಆಟೋ ಬಗ್ಗೆ ನನಗೆ ದೊಡ್ಡ ತಕರಾರಿಲ್ಲ. ಆಕಾಶ, ಗಿಡಮರ, ಸೂರ್ಯಾಸ್ತ ಕಂಡರೆ ಅದು ಬಣ್ಣಕ್ಕೆ ಸ್ವಲ್ಪ ಮಸಾಲೆ ಹಾಕುತ್ತದೆ. ಪ್ರವಾಸದ ಫೋಟೋಗೆ ಚೆಂದವೇ. ಆದರೆ ಒಂದೇ ಕಾರ್ಯಕ್ರಮದ ಫೋಟೋಗಳನ್ನು ಸಾಲಾಗಿ ಆಲ್ಬಂಗೆ ಹಾಕುವವರಿಗೆ ಅದು ಬೇಡ. ದೃಶ್ಯ ನೋಡಿ ಅದು ತೀರ್ಮಾನ ಬದಲಿಸುತ್ತದೆ. ಚಪ್ಪರದ ಒಳಗಿನ ಫೋಟೋ ಒಂದು ಥರ, ಹೊರಗಿನ ತೋಟ ಹಿಂದೆ ಬಂದ ತಕ್ಷಣ ಇನ್ನೊಂದು ಥರ ಆಗಬಹುದು. ಸ್ಟ್ಯಾಂಡರ್ಡ್ ಆದರೂ ಇಟ್ಟುಕೊಳ್ಳಿ, ಅದು ತನ್ನ ಮಾತಿಗೆ ನಿಲ್ಲುತ್ತದೆ.

ಈಗ ಕೆಂಪಿನ ವಿಷಯ. ನನಗೆ ಈ ಮೆನು ನಿಜವಾಗಿ ಬೇಕಾದದ್ದೇ ಅದರಿಂದ. ನಮ್ಮಲ್ಲಿ ಕೆಂಪು ಎಲ್ಲಿಲ್ಲ ಹೇಳಿ? ಧಾರೆ ಸೀರೆ, ಕುಂಕುಮ, ದೇವಸ್ಥಾನದ ದಾಸವಾಳ. ಯಕ್ಷಗಾನದ ವೇಷವಂತೂ ಕೇಳುವುದೇ ಬೇಡ. ಕೆಂಪು ದಗಲೆ ತೊಟ್ಟ ವೇಷದ ಮೇಲೆ ರಂಗಸ್ಥಳದ ಹಳದಿ ದೀಪ ಬಿದ್ದಾಗ ಸ್ಟ್ಯಾಂಡರ್ಡ್‌ನಲ್ಲಿ ಫೋಟೋ ತೆಗೆದು, ಝೂಮ್ ಮಾಡಿ ನೋಡಿ. ದಗಲೆಯಲ್ಲಿ ಒಂದೂ ಮಡಿಕೆ ಕಾಣುವುದಿಲ್ಲ. ತೋಳಿನ ಹತ್ತಿರ ಬಟ್ಟೆ ಎಲ್ಲಿ ಮುಗಿಯಿತು, ನೆರಳು ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ. ಸುಮ್ನೆ ಕೆಂಪು ಬಳಿದ ಹಾಗೆ ಒಂದು ಪಟ್ಟೆ. ಎದೆಕಟ್ಟು, ಭುಜಕೀರ್ತಿಯ ಬಂಗಾರದ ಬಣ್ಣವೂ ಒಟ್ಟಾರೆ ಹಳದಿಯಾಗಿ ಕಲಸಿಹೋಗಿರುತ್ತದೆ.

ತಮಾಷೆ ಏನೆಂದರೆ ಹಿಸ್ಟೋಗ್ರಾಮ್ (ಫೋಟೋದಲ್ಲಿ ಕತ್ತಲು-ಬೆಳಕು ಎಷ್ಟೆಷ್ಟು ಅಂತ ಎಡದಿಂದ ಬಲಕ್ಕೆ ತೋರಿಸುವ ನಕ್ಷೆ) ನೋಡಿದರೆ ಎಲ್ಲ ಸರಿಯಿದೆ ಅನ್ನುತ್ತದೆ. ಅದು ಬ್ರೈಟ್‌ನೆಸ್ ಹಿಸ್ಟೋಗ್ರಾಮ್. ಅದರ ಲೆಕ್ಕದಲ್ಲಿ ಹಸಿರಿಗೆ ತೂಕ ಜಾಸ್ತಿ, ಕೆಂಪಿಗೆ ಕಡಿಮೆ. ಮೆನುವಿನಲ್ಲಿ ಅದನ್ನು ಆರ್‌ಜಿಬಿಗೆ ಬದಲಿಸಿ ನೋಡಿದರೆ ಹಸಿರು, ನೀಲಿ ಆರಾಮಾಗಿ ನಡುವಿನಲ್ಲಿ ಕೂತಿರುತ್ತವೆ, ಕೆಂಪು ಮಾತ್ರ ಬಲಗಡೆಯ ಗೋಡೆಗೆ ಹೋಗಿ ಒತ್ತಿಕೊಂಡಿರುತ್ತದೆ, ಅಂದರೆ ಮಿತಿ ದಾಟಿ ವಿವರ ಕಳೆದುಕೊಂಡಿರುತ್ತದೆ. ಅಷ್ಟೇ ಅಲ್ಲ, ಕ್ಯಾಮೆರಾ ತೋರಿಸುವ ಹಿಸ್ಟೋಗ್ರಾಮ್ ಜೆಪೆಗ್‌ನ ಲೆಕ್ಕ, ರಾ ಫೈಲಿನದ್ದಲ್ಲ. ನೀವು ಆರಿಸಿದ ಸ್ಟೈಲ್ ಬದಲಾದರೆ ಅದೂ ಬದಲಾಗುತ್ತದೆ. ಮಿನುಗುವ ಹೈಲೈಟ್ ಎಚ್ಚರಿಕೆಯದ್ದೂ ಇದೇ ಕಥೆ. ರಾ ತೆಗೆಯುವವರು ಕೂಡ ಈ ಒಂದು ಕಾರಣಕ್ಕೆ ಪಿಕ್ಚರ್ ಸ್ಟೈಲ್ ಕಡೆ ಒಮ್ಮೆ ನೋಡಬೇಕು.

ಯಕ್ಷಗಾನಕ್ಕೆ ನಾನು ಯೂಸರ್ ಡೆಫ್ 1ರಲ್ಲಿ ಇಟ್ಟಿರುವುದು ಹೀಗೆ: ಮೂಲ ನ್ಯೂಟ್ರಲ್, ಕಾಂಟ್ರಾಸ್ಟ್ ಪ್ಲಸ್ 1, ಸ್ಯಾಚುರೇಶನ್ ಮುಟ್ಟಿಲ್ಲ, ಶಾರ್ಪ್‌ನೆಸ್ ಸ್ಟ್ರೆಂತ್ 3. ಎಕ್ಸ್‌ಪೋಶರ್ ಮೂರನೇ ಎರಡು ಸ್ಟಾಪ್ ಕಡಿಮೆ. ಸ್ಕ್ರೀನಿನಲ್ಲಿ ಮೊದಲ ನೋಟಕ್ಕೆ ಫೋಟೋ ಸಪ್ಪೆ ಅನ್ನಿಸುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ದಗಲೆಯ ಮಡಿಕೆ ಉಳಿಯುತ್ತದೆ, ಮುಂಡಾಸಿನ ಸುತ್ತು ಎಣಿಸಬಹುದು, ಮುಖದ ಬಣ್ಣಗಾರಿಕೆಯಲ್ಲಿ ಗುಲಾಬಿ ಎಲ್ಲಿ, ಕೆಂಪು ಎಲ್ಲಿ ಅಂತ ಕಾಣುತ್ತದೆ. ಮೊಬೈಲಿಗೆ ಕಳಿಸಿದ ಮೇಲಂತೂ ಸಪ್ಪೆಯ ಮಾತೇ ಇಲ್ಲ. ಈಗಿನ ಫೋನ್ ಸ್ಕ್ರೀನುಗಳು ಮೊದಲೇ ಬಣ್ಣ ಎತ್ತಿ ತೋರಿಸುತ್ತವೆ. ಕ್ಯಾಮೆರಾದಲ್ಲೂ ಏರಿಸಿದರೆ ಎರಡು ಸಲ ಏರಿಸಿದಂತೆ, ಅಲ್ವಾ?

ಮದುವೆಗೆ ಬೇರೆ. ಅಲ್ಲಿ ವಿಷಯ ಮುಖ. ಪೋರ್ಟ್ರೇಟ್ ಸ್ಟೈಲ್ ಚರ್ಮವನ್ನು ನುಣುಪಾಗಿ, ಸ್ವಲ್ಪ ಗುಲಾಬಿ ಕಡೆಗೆ ತೋರಿಸುತ್ತದೆ. ನಮ್ಮ ಮೈಬಣ್ಣಕ್ಕೆ ಆ ಗುಲಾಬಿ ಯಾಕೋ ಒಗ್ಗುವುದಿಲ್ಲ. ಕಲರ್ ಟೋನ್ ಅನ್ನುವುದು ಇರುವುದೇ ಇದಕ್ಕೆ: ಮೈನಸ್ ಕಡೆ ಹೋದರೆ ಚರ್ಮ ಕೆಂಪಾಗುತ್ತದೆ, ಪ್ಲಸ್ ಕಡೆ ಹೋದರೆ ಹಳದಿಯಾಗುತ್ತದೆ. ಪ್ಲಸ್ 1 ಸಾಕು. ಅರಿಶಿನ ಶಾಸ್ತ್ರದ ದಿನ ಮಾತ್ರ ಮತ್ತೆ ಸೊನ್ನೆಗೆ ತನ್ನಿ, ಇಲ್ಲದಿದ್ದರೆ ಮದುಮಗಳ ಜೊತೆ ಮನೆಮಂದಿಗೆಲ್ಲ ಅರಿಶಿನ ಹಚ್ಚಿದ ಹಾಗೆ ಕಾಣುತ್ತದೆ. ಇದರ ಜೊತೆ ಕಾಂಟ್ರಾಸ್ಟ್ ಮೈನಸ್ 1, ಸ್ಯಾಚುರೇಶನ್ ಮೈನಸ್ 1. ಮಧ್ಯಾಹ್ನದ ಬಿಸಿಲಲ್ಲಿ ಬಿಳಿ ಪಂಚೆಯ ನೆರಿಗೆ ಉಳಿಯುವುದು ಆ ಕಾಂಟ್ರಾಸ್ಟ್ ಇಳಿಸಿದ್ದರಿಂದ. ಹಿಂದೆ ಲ್ಯಾಂಡ್‌ಸ್ಕೇಪ್ ಸ್ಟೈಲಿನಲ್ಲಿ ತೆಗೆದ ಫೋಟೋ ನೋಡಿ ನಮ್ಮತ್ತೆ ಕೇಳಿದ್ದರು: “ಎಂತದು ಮಾರಾಯ, ನಂದು ಮರೂನ್ ಸೀರೆ. ಟೊಮೇಟೊ ಬಣ್ಣ ಹೆಂಗೆ ಬಂತು?” ಈಗ ಆ ದೂರು ಬರುವುದಿಲ್ಲ.

ಇಲ್ಲೊಂದು ಮಾತು. ಕಲ್ಯಾಣ ಮಂಟಪದ ದೀಪದಿಂದ ಎಲ್ಲವೂ ಹಳದಿ ಹೊಡೆಯುತ್ತಿದ್ದರೆ ಅದನ್ನು ಪಿಕ್ಚರ್ ಸ್ಟೈಲಿನಿಂದ ಸರಿಮಾಡಲು ಹೋಗಬೇಡಿ. ಅದು ವೈಟ್ ಬ್ಯಾಲೆನ್ಸ್, ಅಂದರೆ ದೀಪದ ಬಣ್ಣಕ್ಕೆ ತಕ್ಕಂತೆ ಬಿಳಿಯನ್ನು ಬಿಳಿಯಾಗಿ ತೋರಿಸುವ ಹೊಂದಾಣಿಕೆಯ ಕೆಲಸ. 80ಡಿಯ ಆಟೋ ವೈಟ್ ಬ್ಯಾಲೆನ್ಸ್‌ನಲ್ಲಿ ‘ವೈಟ್ ಪ್ರಯಾರಿಟಿ’ ಅಂತ ಎರಡನೇ ಆಯ್ಕೆ ಇದೆ. ಬಲ್ಬಿನ ಹಳದಿಯನ್ನು ಅದು ಚೆನ್ನಾಗಿ ತಗ್ಗಿಸುತ್ತದೆ. ಅದು ಸರಿಯಾದ ಮೇಲೆ ಸ್ಟೈಲ್ ಮುಟ್ಟಿ. ಹಾಗೆಯೇ ಆಟೋ ಲೈಟಿಂಗ್ ಆಪ್ಟಿಮೈಸರ್. ಅದು ತನ್ನಷ್ಟಕ್ಕೆ ನೆರಳನ್ನು ಬೆಳಗಿಸುತ್ತಾ ಇರುತ್ತದೆ. ನೀವು ಇಲ್ಲಿ ಕಾಂಟ್ರಾಸ್ಟ್ ಏರಿಸುತ್ತೀರಿ, ಅದು ಅಲ್ಲಿ ಇಳಿಸುತ್ತದೆ. ಯಾವ ಬದಲಾವಣೆ ಯಾರು ಮಾಡಿದ್ದು ಅಂತಲೇ ತಿಳಿಯುವುದಿಲ್ಲ. ಸ್ಟೈಲ್ ಹೊಂದಿಸುವಾಗ ಅದನ್ನು ಡಿಸೇಬಲ್ ಮಾಡಿಟ್ಟುಕೊಳ್ಳಿ.

ಮಳೆಗಾಲದ ಹಸಿರಿಗೆ ಲ್ಯಾಂಡ್‌ಸ್ಕೇಪ್ ಸರಿಯಾದ ಆಯ್ಕೆ ಅಂತ ಹೆಸರೇ ಹೇಳುತ್ತದಲ್ಲ. ಅದು ಹಸಿರು, ನೀಲಿ ಎರಡನ್ನೂ ಎತ್ತಿ ಕೊಡುತ್ತದೆ. ಬೇಸಿಗೆಯ ಒಣಗಿದ ಬಯಲಿಗೆ ಅದು ಒಳ್ಳೆಯದು. ಆದರೆ ಆಷಾಢದ ಗದ್ದೆ, ಅಡಿಕೆ ತೋಟ ಮೊದಲೇ ಹಸಿರು ಕಾರುತ್ತಿರುತ್ತವೆ. ಅದಕ್ಕೆ ಲ್ಯಾಂಡ್‌ಸ್ಕೇಪ್ ಸೇರಿದರೆ ಪ್ಲಾಸ್ಟಿಕ್ ಹಸಿರು. ಪಾಚಿ, ಜರಿಗಿಡ, ನಾಟಿ ಸಸಿ ಎಲ್ಲ ಒಂದೇ ಬಣ್ಣ. ನಾನು ಫೈನ್ ಡೀಟೇಲ್ ಇಟ್ಟು ಸ್ಯಾಚುರೇಶನ್ ಮೈನಸ್ 1 ಮಾಡುತ್ತೇನೆ. ಎಲೆಯ ನರ, ಮರದ ತೊಗಟೆ ಅದರಲ್ಲಿ ಬಿಡಿಬಿಡಿಯಾಗಿ ಬರುತ್ತದೆ.

ಶಾರ್ಪ್‌ನೆಸ್ ಒಳಗೆ ಸ್ಟ್ರೆಂತ್, ಫೈನ್‌ನೆಸ್, ಥ್ರೆಶೋಲ್ಡ್ ಅಂತ ಮೂರು ಇವೆ. ಸ್ಟ್ರೆಂತ್ ಎಷ್ಟು ಅನ್ನುವುದು ಅವರವರ ಇಷ್ಟ. ಕೆಲಸಕ್ಕೆ ಬರುವುದು ಥ್ರೆಶೋಲ್ಡ್. ಅದರ ಅಂಕಿ ಚಿಕ್ಕದಾದಷ್ಟೂ ಸಣ್ಣ ವ್ಯತ್ಯಾಸವನ್ನೂ ಕ್ಯಾಮೆರಾ ಅಂಚು ಅಂದುಕೊಂಡು ಚೂಪು ಮಾಡುತ್ತದೆ. ರಾತ್ರಿ ಐಎಸ್‌ಓ 3200 ದಾಟಿದಾಗ ಬರುವ ನುಚ್ಚಿನಂಥ ನಾಯ್ಸ್ ಕೂಡ ಅದಕ್ಕೆ ಅಂಚೇ. ಹಾಗಾಗಿ ಯಕ್ಷಗಾನದ ಆಟಕ್ಕೆ ಹೋಗುವಾಗ ಥ್ರೆಶೋಲ್ಡ್ 5.

ಮೊನೊಕ್ರೋಮ್ ಅಂದರೆ ಬರೀ ಬಣ್ಣ ತೆಗೆದದ್ದಲ್ಲ. ಅದರಲ್ಲಿ ಹಳದಿ, ಕಿತ್ತಳೆ, ಕೆಂಪು, ಹಸಿರು ಫಿಲ್ಟರ್ ಇವೆ. ಹಿಂದೆ ಕಪ್ಪು-ಬಿಳುಪು ರೀಲಿನ ಕಾಲದಲ್ಲಿ ಲೆನ್ಸ್ ಮುಂದೆ ಗಾಜು ತಿರುಗಿಸುತ್ತಿದ್ದರಲ್ಲ, ಅದರ ಅನುಕರಣೆ. ಇದನ್ನು ಅರ್ಥಮಾಡಿಕೊಳ್ಳಲು ಮನೆಯಲ್ಲಿ ಅಜ್ಜಿಯೋ ಅಮ್ಮನೋ ಹಣೆಗೆ ಕುಂಕುಮ ಇಟ್ಟುಕೊಂಡು ಕೂತಿರುವಾಗ ಎರಡು ಫೋಟೋ ತೆಗೆಯಿರಿ. ಕೆಂಪು ಫಿಲ್ಟರ್ ಹಾಕಿದರೆ ಕುಂಕುಮ ತೆಳುವಾಗಿ ಹಣೆಯಲ್ಲಿ ಕರಗಿಹೋಗುತ್ತದೆ, ಚರ್ಮ ಬೆಳ್ಳಗಾಗುತ್ತದೆ, ಸುಕ್ಕು ಕಡಿಮೆ. ಹಸಿರು ಫಿಲ್ಟರ್ ಹಾಕಿದರೆ ಅದೇ ಕುಂಕುಮ ಕಪ್ಪು ಬೊಟ್ಟು, ತುಟಿ ಗಾಢ, ಮುಖದ ಗೆರೆಗಳೆಲ್ಲ ಎದ್ದು ಕಾಣುತ್ತವೆ. ನನಗೆ ಎರಡನೆಯದೇ ಇಷ್ಟ, ಅಜ್ಜಿಯಂದಿರಿಗೆ ಮೊದಲನೆಯದು. ಚಿರೆಕಲ್ಲಿನ ಗೋಡೆಗೂ ಹೀಗೇ: ಕೆಂಪಿನಲ್ಲಿ ಬಿಳಿಚುತ್ತದೆ, ಹಸಿರಿನಲ್ಲಿ ತೂಕ ಬರುತ್ತದೆ. ಕಾಂಟ್ರಾಸ್ಟ್ ಏರಿಸಿದಷ್ಟೂ ಫಿಲ್ಟರಿನ ಪರಿಣಾಮ ಹೆಚ್ಚು.

ಇಷ್ಟೆಲ್ಲ ಹೋಲಿಸಿ ನೋಡಲು ಒಂದೇ ದೃಶ್ಯವನ್ನು ಮತ್ತೆ ಮತ್ತೆ ತೆಗೆಯಬೇಕಾಗಿಲ್ಲ. 80ಡಿಯ ನನ್ನ ಮೆಚ್ಚಿನ ಸೌಲಭ್ಯ ಇದು. ರಾ ಫೈಲ್ ಇಟ್ಟುಕೊಂಡಿದ್ದರೆ ಪ್ಲೇಬ್ಯಾಕ್ ಮೆನುವಿನ ‘ರಾ ಇಮೇಜ್ ಪ್ರೊಸೆಸಿಂಗ್’ನಲ್ಲಿ ಅದೇ ಫೋಟೋಗೆ ಬೇರೆ ಸ್ಟೈಲ್, ಬೇರೆ ವೈಟ್ ಬ್ಯಾಲೆನ್ಸ್ ಕೊಟ್ಟು ಕ್ಯಾಮೆರಾದಲ್ಲೇ ಹೊಸ ಜೆಪೆಗ್ ಮಾಡಬಹುದು. ಬಸ್ಸಿನಲ್ಲಿ ಕೂತು ಮಾಡಿ, ವೈಫೈನಲ್ಲಿ ಫೋನಿಗೆ ಕಳಿಸಬಹುದು. ಮೀಡಿಯಂ, ಸ್ಮಾಲ್ ರಾ ಇದಕ್ಕೆ ಆಗುವುದಿಲ್ಲ, ಪೂರ್ತಿ ರಾ ಬೇಕು.

ಆ ರಾ ಫೈಲನ್ನು ಕ್ಯಾನನ್‌ನ ಉಚಿತ ತಂತ್ರಾಂಶ ಡಿಜಿಟಲ್ ಫೋಟೋ ಪ್ರೊಫೆಷನಲ್‌ನಲ್ಲಿ ತೆರೆದರೆ ನಿಮ್ಮ ಸ್ಟೈಲ್ ಹಾಗೇ ಇರುತ್ತದೆ, ಬೇಕಾದರೆ ಬದಲಿಸಬಹುದು. ಲೈಟ್‌ರೂಮ್ ಹಾಗಲ್ಲ. ಅಲ್ಲಿ ಏನೂ ಹೊಂದಿಸದಿದ್ದರೆ ಅಡೋಬಿಯ ಸ್ವಂತ ಬಣ್ಣವೇ ಬರುತ್ತದೆ, ನೀವು ಕಷ್ಟಪಟ್ಟು ಇಟ್ಟ ಮೈನಸ್ 1, ಪ್ಲಸ್ 1 ಎಲ್ಲ ಲೆಕ್ಕಕ್ಕಿಲ್ಲ. ಕ್ಯಾಮೆರಾ ಸ್ಟೈಲ್‌ಗಳನ್ನು ಹೋಲುವ ಪ್ರೊಫೈಲ್‌ಗಳನ್ನು ಕೈಯಾರೆ ಆರಿಸಿಕೊಳ್ಳಬೇಕು.

ವಿಡಿಯೋ ಮಾಡುವವರು ಇನ್ನೂ ಜಾಗ್ರತೆ. ಅಲ್ಲಿ ರಾ ಇಲ್ಲ, ಸ್ಟೈಲ್ ಒಮ್ಮೆ ಕೂತರೆ ಕೂತ ಹಾಗೆ. ನ್ಯೂಟ್ರಲ್ ಇಟ್ಟು ಕಾಂಟ್ರಾಸ್ಟ್ ಮೈನಸ್ 4ಕ್ಕೆ ತಳ್ಳಿ, ಆಮೇಲೆ ಬಣ್ಣ ಎಳೆಯುವ ಪದ್ಧತಿ ಹಳೆಯದು. 80ಡಿಯ ವಿಡಿಯೋ 8 ಬಿಟ್, ಅಂದರೆ ಬಣ್ಣದ ಮೆಟ್ಟಿಲುಗಳು ಕಡಿಮೆ. ಅಷ್ಟು ಎಳೆದರೆ ಸಂಜೆಯ ಆಕಾಶದಲ್ಲಿ, ಸುಣ್ಣದ ಗೋಡೆಯಲ್ಲಿ ಪಟ್ಟೆ ಪಟ್ಟೆ ಬರುತ್ತದೆ. ಮೈನಸ್ 2 ಸಾಕು.

ಕೊರತೆ ಅಂದರೆ ಯೂಸರ್ ಡೆಫ್ ಮೂರೇ ಇರುವುದು. ಕಂಪ್ಯೂಟರಿನ ಪಿಕ್ಚರ್ ಸ್ಟೈಲ್ ಎಡಿಟರ್‌ನಲ್ಲಿ ಬೇಕಾದ ಒಂದೇ ಬಣ್ಣವನ್ನು ಹಿಡಿದು ತಿದ್ದಬಹುದು, ಕ್ಯಾನನ್ ಟ್ವಿಲೈಟ್, ಎಮರಾಲ್ಡ್, ಆಟಮ್ ಹ್ಯೂಸ್ ಥರದ ಸ್ಟೈಲ್ ಫೈಲುಗಳನ್ನೂ ಕೊಡುತ್ತದೆ. ಕೇಬಲ್ ಹಾಕಿ ಇವನ್ನು ಕ್ಯಾಮೆರಾಕ್ಕೆ ತುಂಬಿದರೂ ಜಾಗ ಅದೇ ಮೂರು. ಮೋಡ್ ಡಯಲ್‌ನ ಸಿ1, ಸಿ2 (ನಮ್ಮ ಸೆಟ್ಟಿಂಗ್ ಒಟ್ಟಿಗೆ ಉಳಿಸಿಡುವ ಜಾಗಗಳು) ಸ್ವಲ್ಪ ಕೈಹಿಡಿಯುತ್ತವೆ. ನಾನು ಸಿ1ಕ್ಕೆ ಆಟದ ಸೆಟ್ಟಿಂಗ್ ಎಲ್ಲ ಸೇರಿಸಿಟ್ಟಿದ್ದೇನೆ. ಕತ್ತಲಲ್ಲಿ ಮೆನು ಹುಡುಕುವ ಗೋಜಿಲ್ಲ.

80ಡಿ ಈಗ ಹೆಚ್ಚಾಗಿ ಸಿಗುವುದು ಸೆಕೆಂಡ್ ಹ್ಯಾಂಡ್. ಕೊಳ್ಳುವಾಗ ಪಿಕ್ಚರ್ ಸ್ಟೈಲ್ ಪಟ್ಟಿಯನ್ನು ಒಮ್ಮೆ ತೆರೆಯಿರಿ. ಹಳೆಯ ಮಾಲೀಕರು ಮುಟ್ಟಿದ ಅಂಕಿಗಳು ನೀಲಿ ಬಣ್ಣದಲ್ಲಿರುತ್ತವೆ. ಫೋಟೋ ಯಾಕೋ ವಿಚಿತ್ರವಾಗಿ ಬರುತ್ತಿದೆ ಅನ್ನಿಸಿದರೆ ಮೊದಲು ಅಲ್ಲಿ ನೋಡಿ. ಇನ್ಫೋ ಬಟನ್ ಒತ್ತಿ ಒಳಗೆ ಹೋದರೆ ‘ಡಿಫಾಲ್ಟ್ ಸೆಟ್’ ಇದೆ. ಸಿ1, ಸಿ2ರಲ್ಲಿ ಉಳಿದದ್ದನ್ನು ಅವುಗಳದ್ದೇ ಮೆನುವಿನಿಂದ ಬೇರೆಯಾಗಿ ಅಳಿಸಬೇಕು.